ಮಾವನ ಫೋನಿನಲ್ಲಿ ಯಾರ ಮಾತು ಮೇಲು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿರುವ ನಮ್ಮ ಸೋದರಮಾವನಿಗೆ ಎದುರಾಡುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಅವರ ಫೋನಿಗೆ ಮಾತ್ರ ಇದೆ! ಒಂದು ಭಾನುವಾರ ನನ್ನನ್ನು ರಾಣೆಬೆನ್ನೂರಿನಿಂದ ಕರೆಸಿಯೇಬಿಟ್ಟರು.

"ಫೋನಿಗೆ ಕನ್ನಡ ಅಂತ ಹೇಳೇನಿ. ಈ ಬ್ಯಾಂಕಿನ ಆ್ಯಪ್ ಯಾಕ ಇಂಗ್ಲಿಷಿನ್ಯಾಗ ಒದರಾಕತ್ತೈತಿ?"

"ಮಾವಾ, ಆ್ಯಪಿಗೆ ಅದರದೇ ಒಂದು ಸೆಟಿಂಗ್ ಇರ್ತೈತ್ರಿ. ಫೋನ್ ಏನರ ಹೇಳಲಿ, ಆ್ಯಪಿನೊಳಗ ಅದರ ಮಾತೇ ನಡಿಯೂದು."

ಮಾವ ಒಳಗೆ ಇಣುಕಿ, ದನಿ ತಗ್ಗಿಸಿದರು. "ತಿಳೀತು ಬಿಡು. ಮನೀಗೆ ಯಜಮಾನ ನಾನು. ಅಡಗಿಮನೀಗೆ ನಿಮ್ಮತ್ತಿ."

ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರ್ ಹೇಳಿಯಾನು?

ಫೋನಿನ ಮೇಲೆ ಮಾವನಿಗೆ ಹಳೆಯ ಸಿಟ್ಟೂ ಇತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ತೆಗೆದುಕೊಂಡ ಮೇಲೆ ಒಮ್ಮೊಮ್ಮೆ ಸಕ್ಕರೆ ತೀರಾ ಇಳಿದು ಕೈಕಾಲು ನಡುಗುತ್ತವೆ. ಹೋದ ವರ್ಷ ಹಾಗಾದಾಗ ಅತ್ತೆ ಫೋನ್ ಮಾಡಿಯೇ ಮಾಡಿದರು. ಮಾವ ಮಾರುಕಟ್ಟೆಯಲ್ಲಿದ್ದರು, ಫೋನು ಸೈಲೆಂಟಿನಲ್ಲಿತ್ತು. ಅತ್ತೆ ಹಿತ್ತಿಲಲ್ಲಿ ಬಿದ್ದಿದ್ದನ್ನು ನೋಡಿದವರು ಪಕ್ಕದ ಮನೆಯವರು. ಮಾವ ಆ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಎತ್ತಿದ್ದೆಲ್ಲ ಸೆಟಿಂಗಿನ ಮಾತೇ! ಒಂದು ದಿನ ಮೋಟೆಬೆನ್ನೂರಿನ ಹೆದ್ದಾರಿ ಬದಿಯಲ್ಲಿ ಮಿರ್ಚಿ ಭಜಿ ಮೆಲ್ಲುತ್ತ ನನ್ನ ಕೈಗೆ ಸಿಕ್ಕಿಬಿದ್ದರು.

"ಡಾಕ್ಟರು ಎಣ್ಣೆದು ಬ್ಯಾಡ ಅಂದಾರಲ್ರಿ ಮಾವಾ?"

"ಅದು ಹೊಸಾ ಫೋನಿನ್ಯಾಗ ಮೊದಲ ಇರೂ ಕಂಪನಿ ಸೆಟಿಂಗ್ ಇದ್ದಂಗಪಾ. ಬ್ಯಾರೆ ಯಾರೂ ಏನೂ ಹೇಳದಿದ್ರ ನಡೀತೈತಿ. ಇಲ್ಲೆ ನನ್ನ ನಾಲಿಗಿ ಹೇಳೇತಲ್ಲ!"

ಸುದ್ದಿ ಅತ್ತೆಗೆ ಮುಟ್ಟಿತು. ಮುಟ್ಟಿಸಿದವರು ಯಾರೆಂದು ಕೇಳಬೇಡಿ. "ಹಂಗಾರ ನಂದೂ ಒಂದು ಸೆಟಿಂಗ್ ಐತ್ರಿ" ಎಂದರು ಅತ್ತೆ. ಒಂದು ವಾರ ಉಪ್ಪು ಖಾರವಿಲ್ಲದ ನುಚ್ಚು. ಅದೂ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯ ತಾಟಿನಲ್ಲಿ!

ಮೊನ್ನೆ ಶನಿವಾರ ನಾನು, ಮಾವ ಇಬ್ಬರೂ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿದ್ದೆವು. ಮಾವ ಸಾಲಿನಲ್ಲಿದ್ದವರಿಗೆಲ್ಲ "ಫೋನ್ ಸೈಲೆಂಟ್ ಮಾಡ್ರಿ, ದೇವರ ಮುಂದ ಒದರಿಸಬ್ಯಾಡ್ರಿ" ಎಂದು ಜಬರಿಸಿದರು. ನನ್ನದನ್ನಂತೂ ಕಸಿದುಕೊಂಡೇ ನೋಡಿದರು. ಮಂಗಳಾರತಿ ಶುರುವಾಯಿತು. ಗಂಟೆಯ ಸದ್ದನ್ನೂ ಮೀರಿಸಿ ಒಂದು ಫೋನು ಬಡಿದುಕೊಂಡಿತು. ಯಾರದು ಹೇಳಿ? ಮಾವನದೇ!

ಸಾಲೆಲ್ಲ ತಿರುಗಿ ನೋಡುತ್ತಿದ್ದಂತೆ ಮಾವ ಹೊರಗೆ ಓಡಿದರು. ನಾನು ಹಿಂದೆಯೇ. ಫೋನು ಅತ್ತೆಯದು.

"ಕೈ ನಡಗಾಕತ್ತಾವೇನು? ಹೆದರಬ್ಯಾಡ. ನಿನ್ನ ತಲಿದಿಂಬಿನ ಬಾಜೂಕ ಡಬ್ಬಿಯೊಳಗ ಬೆಲ್ಲ ಇಟ್ಟೇನಿ, ಬಾಯಾಗ ಹಾಕ್ಕೋ. ಫೋನ್ ಇಡಬ್ಯಾಡ. ನಾ ಇಲ್ಲೇ ಅದೇನಿ."

ನಾನು ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಅವರು ಓಡಿ ಹೋದರು. ಸ್ವಲ್ಪ ಹೊತ್ತಿಗೆ ಅತ್ತೆಯ ದನಿ ಗಟ್ಟಿಯಾಯಿತು: "ಈಗ ಆರಾಮ ಅನಸಾಕತ್ತೈತ್ರಿ. ಆರತಿ ತಗೊಂಡ್ರ್ಯಾ?"

ಅಷ್ಟರಲ್ಲಿ ಪೂಜಾರಿಗಳು ಆರತಿ ತಟ್ಟೆ ಹಿಡಿದು ಹೊರಗೇ ಬಂದರು. "ಯಜಮಾನ್ರ, ಎಲ್ಲಾರಿಗೂ ನೀವೇ ಜಬರಿಸಿದ್ರಿ, ನಿಮ್ಮದೇ ಬಡೀತಲ್ರಿ!"

"ನಂದೂ ಸೈಲೆಂಟೇ ಇತ್ರಿ. ಆದ್ರ ಅದರ ಮ್ಯಾಲೆ ಆಕಿ ನಂಬರಿಗಷ್ಟ ಬ್ಯಾರೆ ಸೆಟಿಂಗ್ ಇಟ್ಟೇನಿ. ನಾ ಹನುಮಪ್ಪನ ಮುಂದ ನಿಂತಿರಲಿ, ಆಕಿ ಕರದ್ರ ನನಗ ಕೇಳಬೇಕ್ರಿ."

ಪೂಜಾರಿಗಳು ತಟ್ಟೆ ಮುಂದೆ ಹಿಡಿದರು. ಮಾವ ಆರತಿ ತೆಗೆದುಕೊಂಡು ಮೊದಲು ಫೋನಿಗೆ ಮುಟ್ಟಿಸಿದರು, ಆಮೇಲೆ ತಮ್ಮ ಕಣ್ಣಿಗೆ ಒತ್ತಿಕೊಂಡರು.