ತಕೀರಾದಲ್ಲಿ ಒಂದು ಸೈನು

ಇಷ್ಟಕ್ಕೆಲ್ಲ ಕಾರಣ ಒಂದು ಸೈನು. ಪೆನ್ನಿನ ಮುಚ್ಚಳ ತೆಗೆದು, ಕಾಗದದ ಕೆಳಗೆ ಒಂದು ಗೆರೆ ಎಳೆದು, ಮತ್ತೆ ಮುಚ್ಚಳ ಹಾಕಲು ಎಷ್ಟು ಹೊತ್ತು ಬೇಕು? ಒಂದು ಆಕಳಿಕೆಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಕೆಲಸವನ್ನು ಮ್ಯಾನೇಜರ್ ರೆಮಿಜಿಯಸ್ ಮೂರು ವಾರದಿಂದ ಮಾಡಿರಲಿಲ್ಲ.

ಅದು ಯಜ್ಞೇಶನ ಎಕ್ಸಿಟ್ ಪರ್ಮಿಟ್. ಆ ವರ್ಷಗಳಲ್ಲಿ ಕತಾರಿನಲ್ಲಿ ಕೆಲಸಕ್ಕಿದ್ದವನು ಊರಿಗೆ ಹೋಗಬೇಕಾದರೆ ಟಿಕೆಟ್, ಪಾಸ್‌ಪೋರ್ಟ್ ಇದ್ದರೆ ಸಾಲದಾಗಿತ್ತು. ಇವನನ್ನು ಹೊರಗೆ ಬಿಡಬಹುದು ಎಂದು ಕಂಪನಿ ಸೈನು ಹಾಕಿ ಸೀಲು ಒತ್ತಿದ ಕಾಗದವೂ ಬೇಕಿತ್ತು. ವಿಮಾನ ಇದ್ದದ್ದು ಶುಕ್ರವಾರ ರಾತ್ರಿ ಎಂಟೂವರೆಗೆ. ಭಾನುವಾರ ಉಡುಪಿಯಲ್ಲಿ ಅವನ ನಿಶ್ಚಿತಾರ್ಥ. ಅದು ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು; ಎರಡು ಸಲವೂ ರಜೆ ಸಿಕ್ಕಿರಲಿಲ್ಲ. ಇನ್ನೊಮ್ಮೆ ಮುಂದಕ್ಕೆ ಹಾಕಿದರೆ ತಮ್ಮ ಬಳಿ ಬೇರೆ ಹುಡುಗ ಇದ್ದಾನೆ ಎಂದು ಹುಡುಗಿಯ ಸೋದರಮಾವ ನೇರವಾಗಿ ಹೇಳಿಬಿಟ್ಟಿದ್ದರು. ಯಜ್ಞೇಶನಿಗೆ ಮೂವತ್ತಾರು ವರ್ಷ. ಅವನ ಬಳಿ ಬೇರೆ ಹುಡುಗಿ ಇರಲಿಲ್ಲ.

ಸಿಟ್ಟು ಬರುವುದು ಇದಕ್ಕೇ ಅಲ್ಲ. ಲುಸೈಲ್ ಸೈಟಿನ ಆಫೀಸಿನಲ್ಲಿ ಅವನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಆರು ವರ್ಷದಿಂದ ಅವನ ಕೆಲಸವೇ ಊರವರ ಕಾಗದಕ್ಕೆಲ್ಲ ಓಡಾಡಿ ಸೈನು ಹಾಕಿಸಿಕೊಡುವುದು! ಚರಂಡಿಯ ನಕ್ಷೆಗೆ ಸೈನು ಸಿಗುತ್ತದೆ, ಸಿಮೆಂಟು ಲಾರಿಗೆ ಸಿಗುತ್ತದೆ, ಅವನಿಗೆ ಸಿಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಆ ಹುಡುಗಿ, ಗ್ರೀಷ್ಮಾಳ ಫೋನ್ ಬಂತು.

"ಸೈನ್ ಆಯ್ತಾ?"

"ಇವತ್ತು ಆಗ್ತದೆ."

"ಸೋಮವಾರವೂ ನೀವು ಇದನ್ನೇ ಹೇಳಿದ್ದು. ಅಲ್ಲ, ಯಾರವ ಆ ಸೈನ್ ಹಾಕುವವ? ಅವನಿಗೆ ಮದುವೆ ಗಿದುವೆ ಆಗಿಲ್ವಾ?"

"ಆಗಿದೆ. ಮೂರು ಮಕ್ಕಳಿದ್ದಾರೆ."

"ಆಗಿಯೂ ಅಷ್ಟು ಗೊತ್ತಾಗುದಿಲ್ವಾ ಅವನಿಗೆ? ಎಂಥ ಮನುಷ್ಯ ಮಾರಾಯ್ರೆ!" ಎಂದು ಫೋನ್ ಇಟ್ಟಳು.

ಯಜ್ಞೇಶ ಕೂಡಲೇ ರೆಮಿಜಿಯಸ್‌ಗೆ ಫೋನ್ ಮಾಡಿದ. ಆಚೆಯಿಂದ ಗಾಳಿಯ ಸದ್ದು, ನಗು.

"ಯಜ್ಞೇಶ್! ನಾವೆಲ್ಲ ತಕೀರಾಕ್ಕೆ ಹೊರಟಿದ್ದೇವೆ ಮಾರಾಯ. ಕಯಾಕಿಂಗ್! ನೀನೂ ಬಾ, ನಿನಗೊಂದು ಸೀಟು ಇಟ್ಟಿದ್ದೇನೆ."

"ಸಾರ್, ನನಗೆ ಇವತ್ತು ರಾತ್ರಿ ಫ್ಲೈಟ್. ಪೇಪರಿಗೆ ಸೈನ್..."

"ಅದೆಲ್ಲ ಇವತ್ತು ಖಲಾಸ್ ಮಾಡುವಾ. ಪೇಪರ್ ಹಿಡ್ಕೊಂಡು ಅಲ್ಲಿಗೇ ಬಾ."

ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ ಅವನ ಜೊತೆಗಿದ್ದವನು ಅದೇ ಆಫೀಸಿನ ಕೃತಿಕ್. ಅವನಿಗೂ ಅದೇ ವಿಮಾನದಲ್ಲಿ ಟಿಕೆಟ್ ಇತ್ತು, ಅವನ ಕಾಗದಕ್ಕೂ ಸೈನು ಆಗಿರಲಿಲ್ಲ. ಊರಿಗೆ ಯಾಕೆ ಹೋಗುತ್ತಿದ್ದಾನೆ ಎಂದರೆ, ಬಂಗುಡೆ ಮೀನು ತಿನ್ನಲು.

"ನನ್ನದೂ ಆಗ್ಲಿಲ್ಲ ಯಜ್ಞೇಶಣ್ಣ. ನಾನು ಎಂತ ಬೊಬ್ಬೆ ಹಾಕ್ತಿದ್ದೇನಾ?" ಎಂದು ಅವನು ತನ್ನ ಕಾಗದವನ್ನೂ ಯಜ್ಞೇಶನ ಪ್ಲಾಸ್ಟಿಕ್ ಕವರಿಗೇ ತುರುಕಿದ.

ಇಬ್ಬರೂ ಸೂಟ್‌ಕೇಸುಗಳನ್ನು ಕಾರಿಗೆ ಹಾಕಿ ಉತ್ತರಕ್ಕೆ ಹೊರಟರು. ಯಜ್ಞೇಶ ನಿಶ್ಚಿತಾರ್ಥಕ್ಕೆಂದು ಕೊಂಡ ಹೊಸ ಶೂವನ್ನೇ ಹಾಕಿಕೊಂಡಿದ್ದ. ಸೂಟ್‌ಕೇಸಿನ ತೂಕ ಈಗಲೇ ಮಿತಿ ಮೀರಿತ್ತು.

ತಕೀರಾದಲ್ಲಿ ಮರುಭೂಮಿ ಮುಗಿದಲ್ಲೇ ಸಮುದ್ರ ಒಳಗೆ ನುಗ್ಗಿ, ಉಪ್ಪುನೀರಿನಲ್ಲಿ ಕಾಂಡ್ಲಾ ಗಿಡಗಳ ಹಸಿರು ಕಾಡು ಬೆಳೆದಿದೆ. ಅದರ ನಡುವಿನ ಕಾಲುವೆಗಳಲ್ಲಿ ಇಬ್ಬಿಬ್ಬರು ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿಗಳನ್ನು ಹುಟ್ಟು ಹಾಕಿಕೊಂಡು ಹೋಗುವುದೇ ಕಯಾಕಿಂಗ್. ಆಫೀಸಿನ ಹತ್ತು ಹನ್ನೆರಡು ಮಂದಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ದಡದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಷ್ಟೊಂದು ಮಂದಿ ಯಾಕೆ ಬಂದಿದ್ದಾರೆ ಎಂದು ಯಜ್ಞೇಶ ಕೇಳಲಿಲ್ಲ. ಕೇಳುವಷ್ಟು ತಾಳ್ಮೆ ಇದ್ದರೆ ಈ ಕತೆ ಇಷ್ಟು ಉದ್ದ ಆಗುತ್ತಿರಲಿಲ್ಲ.

"ಸಾರ್, ಸೈನ್," ಎಂದು ಕಾಗದ ಚಾಚಿದ.

"ಮೊದಲು ದೋಣಿ ಹತ್ತು ಮಾರಾಯ. ಊಟ ಆದ ಮೇಲೆ ಎಲ್ಲ ಮಾಡುವಾ," ಎಂದು ರೆಮಿಜಿಯಸ್ ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದರು. ಪರ್ಪೆಚುವಾ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಆ ನಗು ಕಂಡು ಯಜ್ಞೇಶನ ಮೈ ಉರಿದುಹೋಯಿತು. ಬೇರೆಯವನ ಮದುವೆ ಮುರಿಯುವುದರಲ್ಲಿ ನಗುವಂಥದ್ದು ಏನಿದೆ?

ಗೈಡ್ ಯೂಸ್ಟೇಸ್ ಭೂಮಿಯ ಆಚೆ ಬದಿಯ ಬೆಲೀಜ್ ಎಂಬ ಕಡಲತೀರದ ದೇಶದವನು, ಅಲ್ಲಿಯ ಕ್ರಿಯೋಲ್ ಸಮುದಾಯದವನು. ಹೂಳೆತ್ತುವ ಹಡಗಿನ ಕೆಲಸಕ್ಕೆ ಬಂದವನು ಶುಕ್ರವಾರಗಳಲ್ಲಿ ಜನರನ್ನು ಇಲ್ಲಿ ಸುತ್ತಾಡಿಸುತ್ತಿದ್ದ. ಬೆಳಿಗ್ಗೆ ಹಕ್ಕಿ, ಏಡಿ, ಮೀನು ತೋರಿಸುವುದು. ಮಧ್ಯಾಹ್ನ ಮರಳದಿಬ್ಬದ ಮೇಲೆ ತನ್ನ ಜನರ ಅಡುಗೆ, ಡೋಲು, ಕತೆ. ಅವನ ಇಂಗ್ಲಿಷ್ ಹಾಡಿನ ಹಾಗೆ ತೇಲುತ್ತಿತ್ತು. ಯಜ್ಞೇಶ ಧುಮುಗುಡುತ್ತಾ ದೋಣಿಗೆ ಇಳಿದಾಗ ಅವನು ಹೆಗಲು ತಟ್ಟಿ, "ಟೇಕ್ ಟೈಮ್, ಟೇಕ್ ಟೈಮ್," ಎಂದ.

"ಎಂತ ಹೇಳ್ತಾನೆ ಇವ?"

"ನಿಧಾನ ಅಂತೆ," ಎಂದ ಮುಂದಿನ ಸೀಟಿನಿಂದ ಕೃತಿಕ್.

"ನಿಧಾನವಾ! ಮೂರು ವಾರ ಆಯ್ತು, ಇನ್ನೂ ಎಷ್ಟು ನಿಧಾನ ಬೇಕಂತೆ ಅವನಿಗೆ?"

ಯಜ್ಞೇಶನಿಗೆ ದೋಣಿ ಗೊತ್ತಿಲ್ಲ, ಈಜೂ ಬರುವುದಿಲ್ಲ. ಉಡುಪಿಯವನಾದ ಮಾತ್ರಕ್ಕೆ ಮೀನಿನ ಜೊತೆ ಆಡಿ ಬೆಳೆದವನೆಂದು ಆಫೀಸಿನವರೆಲ್ಲ ನಂಬಿದ್ದರು, ಅವನೂ ಅಲ್ಲ ಎಂದಿರಲಿಲ್ಲ. ಅವನು ಎಡಕ್ಕೆ ಹುಟ್ಟು ಹಾಕಿದರೆ ಕೃತಿಕ್ ಬಲಕ್ಕೆ ಹಾಕುತ್ತಿದ್ದ. ದೋಣಿ ಎರಡು ಸಲ ಗಿಡಗಳ ಒಳಗೆ ನುಗ್ಗಿತು, ಒಮ್ಮೆ ಹಿಂದಕ್ಕೆ ಚಲಿಸಿತು. ಬೇರುಗಳ ಸಂದಿಯಿಂದ ಏಡಿಗಳು ಹೊರಗೆ ಬಂದು ನೋಡಿ ಒಳಗೆ ಹೋದವು.

ತಿರುವು ದಾಟಿದಾಗ ಎದುರಿಗೆ ಬಯಲು ನೀರು, ಅದರಲ್ಲಿ ಇನ್ನೂರು ರಾಜಹಂಸಗಳು, ತಿಳಿ ಗುಲಾಬಿ, ಒಂಟಿ ಕಾಲಲ್ಲಿ. ಯೂಸ್ಟೇಸ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಪರ್ಪೆಚುವಾ ಮೇಡಂ ಉಸಿರು ಬಿಗಿಹಿಡಿದು ದುರ್ಬೀನು ಎತ್ತಿದರು. ಒಂದು ಹುಟ್ಟಿನ ಸದ್ದೂ ಇಲ್ಲ.

ಯಜ್ಞೇಶನಿಗೆ ಹಕ್ಕಿ ಕಾಣಲಿಲ್ಲ. ಅವನಿಗೆ ಕಂಡದ್ದು ಹತ್ತು ಮಾರು ಮುಂದೆ ಅಲುಗಾಡದೆ ನಿಂತ ರೆಮಿಜಿಯಸ್ ದೋಣಿ ಮತ್ತು ಅವರ ಅಂಗಿಯ ಜೇಬಿನ ಪೆನ್ನು. ಬೆಳಿಗ್ಗೆಯಿಂದ ಆ ಮನುಷ್ಯ ಒಂದು ಕಡೆ ನಿಂತದ್ದು ಇದೇ ಮೊದಲು. ಯಜ್ಞೇಶ ಎದ್ದು ನಿಂತ.

"ಸಾರ್! ಒಂದೇ ಒಂದು ಸೈನ್!"

ಇನ್ನೂರು ಹಕ್ಕಿಗಳೂ ಒಟ್ಟಿಗೆ ಹಾರಿದವು. ದೋಣಿ ಮಗುಚಿತು.

"ಅಯ್ಯೋ! ಈಜು ಬರುದಿಲ್ಲ! ಹಿಡೀರಿ ಯಾರಾದ್ರೂ!" ಎಂದು ಯಜ್ಞೇಶ ಕೈಕಾಲು ಬಡಿದ. ಉಪ್ಪುನೀರು ಕುಡಿದ. ಗ್ರೀಷ್ಮಾಳ ಸೋದರಮಾವನ ಮುಖ ಕಣ್ಣ ಮುಂದೆ ಬಂತು.

"ಎದ್ದು ನಿಲ್ಲಿ ಮಾರಾಯ್ರೆ," ಎಂದ ಕೃತಿಕ್, ಸೊಂಟಕ್ಕೆ ಕೈ ಕೊಟ್ಟು ನಿಂತುಕೊಂಡು. "ನೀರು ಮೊಣಕಾಲಿಗೆ ಉಂಟು."

ಯಜ್ಞೇಶ ಎದ್ದ. ಎದ್ದಾಗ ಕೆಸರು ಅವನ ಎಡಗಾಲಿನ ಶೂವನ್ನು ಇಟ್ಟುಕೊಂಡಿತು. ಎಷ್ಟು ತಡಕಿದರೂ ಸಿಗಲಿಲ್ಲ. ಮೊಬೈಲಿನ ಒಳಗಿಂದ ನೀರು ತೊಟ್ಟಿಕ್ಕಿತು. ಕಾಗದಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಡಾಕ್ಯುಮೆಂಟ್ ಕಂಟ್ರೋಲರ್ ಆದವನು ಮೂರು ಕವರು ಹಾಕಿದ್ದ.

"ಆರು ತಿಂಗಳಿಂದ ಕಾದಿದ್ದೆ ಈ ಹಕ್ಕಿಗೆ!" ಪರ್ಪೆಚುವಾ ಮೇಡಂ ಕಿರುಚಿದರು. "ಎಂಥ ಅವಸರ ನಿಮಗೆ? ಸ್ವಲ್ಪ ಮ್ಯಾನರ್ಸ್ ಬೇಡ್ವಾ?"

"ನಾನೂ ಆರು ತಿಂಗಳಿಂದ ಕಾಯ್ತಾ ಇದ್ದೇನೆ ಮೇಡಂ, ಹೆಂಡತಿಗೆ!" ಎಂದು ಯಜ್ಞೇಶ ತಿರುಗಿ ಕಿರುಚಿದ. ಮ್ಯಾನೇಜರನ ಹೆಂಡತಿಯ ಮೇಲೆ ಕಿರುಚಿದ್ದೇನೆ ಎಂದು ಅವನಿಗೆ ಹೊಳೆಯುವಾಗ ತಡವಾಗಿತ್ತು.

ಮರಳದಿಬ್ಬ ತಲುಪಿದಾಗ ಯೂಸ್ಟೇಸ್ ಒಲೆ ಹಚ್ಚಿ, ಯಜ್ಞೇಶನ ಮುಂದೆ ನಾಲ್ಕು ತೆಂಗಿನಕಾಯಿ, ಒಂದು ತುರಿಮಣೆ ತಂದಿಟ್ಟ. ಅವನ ಅಜ್ಜಿಯ ಮನೆಯಲ್ಲಿ ಒಂದು ನಿಯಮವಂತೆ. ಸಿಟ್ಟಾದವನು ಕಾಯಿ ತುರಿಯಬೇಕು, ಅಡುಗೆ ಮುಗಿಯುವವರೆಗೆ ಕೆಲಸದ ಮಾತು ಎತ್ತಬಾರದು.

ಯಜ್ಞೇಶ ತುರಿದ. ರೆಮಿಜಿಯಸ್ ತಲೆ ಎಂದುಕೊಂಡು ಒಂದು, ಕೃತಿಕ್‌ನ ಬಂಗುಡೆ ಎಂದುಕೊಂಡು ಇನ್ನೊಂದು. ಕರಟವೂ ಸ್ವಲ್ಪ ತುರಿದುಹೋಯಿತು. ಇಷ್ಟು ಬೇಗ ನಾಲ್ಕು ಕಾಯಿ ತುರಿದವರನ್ನು ತನ್ನ ದೇಶದಲ್ಲೂ ಕಂಡಿಲ್ಲ ಎಂದು ಯೂಸ್ಟೇಸ್ ಬೆರಗಾದ. ಆ ಕಾಯಿಯ ಹಾಲಿನಲ್ಲಿ ಅಕ್ಕಿ, ಕೆಂಪು ಬೀನ್ಸು ಒಟ್ಟಿಗೆ ಬೆಂದವು. ಪಕ್ಕದಲ್ಲಿ ಮೀನಿನ ಸಾರೂ ತೆಂಗಿನ ಹಾಲಿನದೇ. ಇದು ನಮ್ಮ ಅಲಸಂಡೆ ಕಾಳಿನ ಪದಾರ್ಥಕ್ಕೆ ಅನ್ನ ಕಲಸಿದ ಹಾಗೆಯೇ ಉಂಟು ಎಂದು ಕೃತಿಕ್ ಹೇಳಿದ. ಖಾರ ಸಾಲದು ಎಂದು ಪರ್ಪೆಚುವಾ ಮೇಡಂ ಹೇಳಿದರು. ಯೂಸ್ಟೇಸ್ ಡೋಲು ಬಾರಿಸುತ್ತಾ ಒಂದು ಜೇಡನ ಕತೆ ಶುರುಮಾಡಿದ. ಆ ಜೇಡನಿಗಾದರೂ ಎಂಟು ಕಾಲು. ಯಜ್ಞೇಶನಿಗೆ ಇದ್ದದ್ದು ಒಂದೇ ಶೂ.

ಕತೆ ಅರ್ಧ ಆಗುವಾಗ ಅವನ ಸಹನೆ ಮುಗಿಯಿತು. ಅಜ್ಜಿಯ ನಿಯಮ ಬದಿಗಿಟ್ಟು ಎದ್ದು ನಿಂತ.

"ಸಾರ್, ಇದು ಅನ್ಯಾಯ! ಆರು ವರ್ಷ ನಾಯಿಯ ಹಾಗೆ ದುಡಿದಿದ್ದೇನೆ. ಒಂದು ಸೈನಿಗೆ ಸಮುದ್ರಕ್ಕೆ ಹಾರಿಸಿದ್ರಿ. ನಿಮಗೆ ಮನುಷ್ಯತ್ವ ಉಂಟಾ?"

ಡೋಲು ನಿಂತಿತು. ರೆಮಿಜಿಯಸ್ ತಟ್ಟೆ ಕೆಳಗಿಟ್ಟು ಎದ್ದರು. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಇವತ್ತಿನದ್ದು ನನ್ನ ಸೆಂಡ್‌ಆಫ್ ಯಜ್ಞೇಶ್. ನಿನ್ನೊಬ್ಬನಿಗೇ ಹೇಳಿರ್ಲಿಲ್ಲ. ನಾನು ಕಂಪನಿ ಬಿಟ್ಟೆ, ಮುಂದಿನ ವಾರ ಊರಿಗೆ. ನನ್ನ ಸೈನಿನ ಅಧಿಕಾರ ಮೊನ್ನೆ ಗುರುವಾರವೇ..." ಎಂದು ಶುರುಮಾಡಿ ತಿದ್ದಿಕೊಂಡರು. "ಅಲ್ಲ, ನಿನ್ನೆ. ನಿನ್ನೆ ಗುರುವಾರವೇ ಕ್ಯಾನ್ಸಲ್ ಆಯ್ತು."

"ಹಾಗಾದ್ರೆ ನನ್ನ ಪೇಪರ್?"

"ಅದನ್ನೇ ಹೇಳುದು! ಮೂರು ವಾರ ಕಾದದ್ದು ಇದಕ್ಕೇ, ನಿನ್ನ ಪೇಪರಿಗೆ ನೀನೇ ಸೈನ್ ಹಾಕುವ ಹಾಗೆ ಆಗ್ಲಿ ಅಂತ. ನನ್ನ ಜಾಗಕ್ಕೆ ನಿನ್ನ ಹೆಸರು ಕೊಟ್ಟಿದ್ದೆ, ಕಂಪನಿಯ ಧಣಿ ಅರ್ಬಾಬ್ ಒಪ್ಪಿದ್ರು. ಇವತ್ತಿಂದ ಆಫೀಸಿನ ಅಷ್ಟೂ ಪೇಪರಿಗೆ ಸೈನ್ ಹಾಕುವವ ನೀನೇ. ಇನ್ನು ಯಾರ ಹಿಂದೆಯೂ ಓಡ್ಲಿಕ್ಕಿಲ್ಲ!"

ಚಪ್ಪಾಳೆ ಬಿತ್ತು. ಪರ್ಪೆಚುವಾ ಮೇಡಂ ಹಕ್ಕಿಯನ್ನು ಮರೆತು ಕೈ ಕುಲುಕಿದರು. ಯಜ್ಞೇಶನ ಸಿಟ್ಟು ಹೋದದ್ದೇ ತಿಳಿಯಲಿಲ್ಲ. ಇಂಥ ಮನುಷ್ಯನನ್ನು ತೆಂಗಿನಕಾಯಿ ಮಾಡಿ ತುರಿದೆನಲ್ಲ ಎಂದು ನಾಚಿಕೆಯಾಯಿತು. ಕಣ್ಣೊರೆಸಿಕೊಂಡು ಕ್ಷಮೆ ಕೇಳಿದ. ಮೂರು ತಟ್ಟೆ ಊಟ ಮಾಡಿದ. ಯೂಸ್ಟೇಸ್ ಜೊತೆ ಒಂಟಿ ಶೂವಿನಲ್ಲಿ ನಾಲ್ಕು ಹೆಜ್ಜೆ ಕುಣಿದ ಎಂದೂ ಹೇಳುತ್ತಾರೆ.

ನೀರಿಳಿದು ದೋಣಿಗಳು ಕೆಸರಿನಲ್ಲಿ ಕೂತುಬಿಟ್ಟಿದ್ದವು. ಭರತ ಏರುವವರೆಗೆ ಕಾದು ದಡ ಸೇರುವಾಗ ನಾಲ್ಕೂವರೆ. ಏರ್‌ಪೋರ್ಟಿಗೆ ಒಂದು ಗಂಟೆಯ ದಾರಿ, ಇನ್ನೂ ಸಮಯವಿತ್ತು. ಸರ್ಕಾರಿ ಆಫೀಸುಗಳಿಗೆ ಕಂಪನಿಯ ಕಾಗದ ಒಯ್ಯುವ ಅಬ್ದುಲ್ ಲತೀಫ್ ನಮಾಜು ಮುಗಿಸಿ, ಸೀಲು ಹಿಡಿದುಕೊಂಡು ಕಾರಿನ ಬಳಿ ಕಾದಿದ್ದರು. ಬಂಟ್ವಾಳದ ಕಡೆಯವರು, ಇಪ್ಪತ್ತು ವರ್ಷದ ಅನುಭವ.

"ಮಬ್ರೂಕ್ ಯಜ್ಞೇಶ್, ಪ್ರಮೋಷನಿಗೆ! ಯಲ್ಲಾ, ಸೈನ್ ಹಾಕು."

ರೆಮಿಜಿಯಸ್ ತಮ್ಮ ಪೆನ್ನನ್ನೇ ಉಡುಗೊರೆ ಕೊಟ್ಟರು. ಕವರಿನಿಂದ ಮೊದಲು ಬಂದದ್ದು ಕೃತಿಕ್‌ನ ಕಾಗದ. ಯಜ್ಞೇಶ ಅದನ್ನು ಬಾನೆಟ್ಟಿನ ಮೇಲಿಟ್ಟು, ಕೊನೆಗೊಂದು ಸುಳಿ ಬಿಟ್ಟು ದೊಡ್ಡದಾಗಿ ಸೈನು ಹಾಕಿದ. ಲತೀಫ್ ಠಪ್ ಎಂದು ಸೀಲು ಒತ್ತಿದರು. ಯಜ್ಞೇಶ ತನ್ನ ಕಾಗದ ತೆಗೆದ, ಅದಕ್ಕೂ ಸೈನು ಹಾಕಿದ. ಲತೀಫ್ ಸೀಲನ್ನು ಜೇಬಿಗೆ ಹಾಕಿಕೊಂಡರು.

"ಎಂತ ಲತೀಫಣ್ಣ? ಒತ್ತಿ."

"ಮಾಫಿ, ಒತ್ಲಿಕ್ಕಿಲ್ಲ. ಸ್ವಂತ ಪೇಪರಿಗೆ ಸ್ವಂತ ಸೈನ್ ಆಗುದಿಲ್ಲ ಮಾರಾಯ. ಎಲ್ಲರದ್ದಕ್ಕೂ ನೀನು ಹಾಕ್ಬಹುದು, ನಿನ್ನದೊಂದಕ್ಕೆ ಅರ್ಬಾಬರೇ ಹಾಕ್ಬೇಕು."

"ಅರ್ಬಾಬ್ ಎಲ್ಲಿದ್ದಾರೆ?"

"ನಿನ್ನ ಪ್ರಮೋಷನ್ ಲೆಟರಿಗೆ ಸೈನ್ ಹಾಕಿ ಸೀದಾ ಏರ್‌ಪೋರ್ಟಿಗೆ ಹೋದ್ರು. ಗಿಡುಗ ಹಿಡ್ಕೊಂಡು ಬೇಟೆಗೆ. ಬರುದು ಬುಧವಾರ."

ಯಜ್ಞೇಶ ರೆಮಿಜಿಯಸ್ ಕಡೆ ತಿರುಗಿದ. ಅವರು ಹಣೆ ಬಡಿದುಕೊಂಡರು.

"ಛೆ! ಅದು ನನ್ನ ತಲೆಗೇ ಹೋಗ್ಲಿಲ್ಲ. ನನ್ನ ಸೈನ್ ಇವತ್ತು ನಡಿಯುದೂ ಇಲ್ಲ. ನಿನ್ನೆ ಬೆಳಿಗ್ಗೆ ಹಾಕಿದ್ದಿದ್ರೆ ಆಗ್ತಿತ್ತು."

ಯಜ್ಞೇಶ ಬಯ್ಯಲು ಬಾಯಿ ತೆರೆದ. ಬೆಳಿಗ್ಗೆಯಿಂದ ಬಯ್ಯಲು ಒಬ್ಬ ಮನುಷ್ಯನಾದರೂ ಇದ್ದ. ಈಗ ಆ ಕುರ್ಚಿಯಲ್ಲಿ ಅವನೇ ಕೂತಿದ್ದ. ಕೃತಿಕ್ ತನ್ನ ಕಾಗದದ ಶಾಯಿ ಊದಿ ಒಣಗಿಸಿ, ಯಜ್ಞೇಶನ ಸೂಟ್‌ಕೇಸನ್ನು ಕಾರಿನಿಂದ ಮೆಲ್ಲಗೆ ಕೆಳಗಿಳಿಸಿದ.

ಆಗ ಲತೀಫರ ಫೋನ್ ಬಡಿದುಕೊಂಡಿತು. ಯಜ್ಞೇಶನ ಮೊಬೈಲ್ ಸತ್ತಿದೆ ಎಂದು ಗ್ರೀಷ್ಮಾ ಹೇಗೋ ಯಾರಿಂದಲೋ ಆ ನಂಬರು ಹುಡುಕಿ ತೆಗೆದಿದ್ದಳು.

"ಏರ್‌ಪೋರ್ಟಿಗೆ ಹೊರಟ್ರಾ? ಮಾವ ಇಲ್ಲೇ ಎದುರು ಕೂತಿದ್ದಾರೆ."

"ಸೈನ್ ಆಗ್ಲಿಲ್ಲ ಗ್ರೀಷ್ಮಾ."

ಆಚೆಯಿಂದ ಬಂದ ದನಿ ಲತೀಫರಿಗೂ ಕೇಳಿಸಿತು.

"ಅದೇ ಮೂರು ಮಕ್ಕಳ ತಂದೆಯಾ?"

"ಅಲ್ಲ. ಈಗ ಬೇರೆಯವ ಬಂದಿದ್ದಾನೆ."

"ಅವನಿಗಾದ್ರೂ ಮದುವೆ ಗಿದುವೆ ಆಗಿಲ್ವಾ?"

ಯಜ್ಞೇಶ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದ.

"ಇಲ್ಲ," ಎಂದ. "ಇನ್ನು ಆಗುವ ಹಾಗೂ ಕಾಣುದಿಲ್ಲ."