ಅಲಾಸ್ಕಾಕ್ಕೆ ಎಂಟು ಮಂದಿ, ಒಂದು ರೊಟ್ಟಿ ಗಂಟು

ಪ್ರವಾಸದ ಕಚೇರಿಯಲ್ಲಿ ಕೆಲಸ ಮಾಡುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂರುತ್ತದೆ. ಒಂದೇ ಒಂದು ಪ್ರವಾಸದ ಸಿದ್ಧತೆಯಲ್ಲಿ ನಡೆದದ್ದನ್ನಷ್ಟೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕ್ರಮ ನನ್ನದು. ನಡೆದದ್ದರಲ್ಲಿ ಯಾವ ಕ್ರಮವೂ ಇರಲಿಲ್ಲ.

೧. ಪುಣ್ಯಸ್ನಾನ

ನಮ್ಮ ಕಚೇರಿ ಇಂಡಿ ಬಸ್ ನಿಲ್ದಾಣದ ಎದುರಿಗಿದೆ. ಒಂದು ಕೋಣೆ, ಎರಡು ಮೇಜು. ಮಾಲಕರು ಬಹಳ ವರ್ಷಗಳಿಂದ ಕಾಶಿಗೆ, ಪಂಢರಪುರಕ್ಕೆ, ಶ್ರೀಶೈಲಕ್ಕೆ ಬಸ್ಸು ಬಿಡುವವರು. ಒಂದು ದಿನ ಯಾರದೋ ಫೋನಿನಲ್ಲಿ ಅಲಾಸ್ಕಾದ ವಿಡಿಯೊ ನೋಡಿಕೊಂಡು ಬಂದರು.

"ಏಳು ದಿನ ಹಡಗು, ಐದು ದಿನ ಕಾಡು. ಕಾಡಿನ್ಯಾಗ ಗೈಡ್ ಅವರವನ ಇರ್ತಾನ. ನೀ ಬಿ.ಎಸ್ಸಿ. ಓದೀದಿ. ಪ್ಲ್ಯಾನ್ ಮಾಡು, ತಂಗಿ."

ನಾನು ಪತ್ರ ಬರೆದು ವಿಚಾರಿಸಿದೆ. ಅಲ್ಲಿಯವರ ಷರತ್ತು ಸರಳವಾಗಿತ್ತು: ಕಾಡಿನ ವಾಹನ ಹೊರಡಬೇಕಾದರೆ ಕನಿಷ್ಠ ಎಂಟು ಪ್ರವಾಸಿಗರು ಬೇಕು. ಒಬ್ಬರು ಕಡಿಮೆಯಾದರೂ ಇಡೀ ಪ್ರವಾಸ ರದ್ದು. ಎಂಟಾದರೆ, ಅವರ ಜೊತೆ ಕಚೇರಿಯಿಂದ ಒಬ್ಬರಿಗೆ ಜಾಗ. ಮಾಲಕರಿಗೆ ಸಮುದ್ರವೆಂದರೆ ಭಯ. ಆದ್ದರಿಂದ ಒಂಬತ್ತನೆಯ ಸೀಟು ನನ್ನದು.

ಬಿ.ಎಸ್ಸಿ.ಯಲ್ಲಿ ಅಲೆಗಳ ಸಮೀಕರಣಕ್ಕೆ ಪೂರ್ತಿ ಅಂಕ ಪಡೆದವಳು ನಾನು. ಅಲೆಯನ್ನು ಮಾತ್ರ ನೋಡಿರಲಿಲ್ಲ. ಅದುವರೆಗೆ ನೋಡಿದ ಅತಿ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಹೀಗಾಗಿ ಎಂಟು ಎಂಬ ಸಂಖ್ಯೆಯ ಮೇಲೆ ನನಗೆ ವೈಯಕ್ತಿಕ ಆಸಕ್ತಿ ಹುಟ್ಟಿತು.

ಮಾಲಕರು ನನ್ನನ್ನು ಕೇಳದೆ ಕರಪತ್ರ ಅಚ್ಚು ಹಾಕಿಸಿದರು. ಕಾಶಿಯ ಹಳೆಯ ಕರಪತ್ರದಲ್ಲಿ ಊರಿನ ಹೆಸರುಗಳನ್ನು ಮಾತ್ರ ಬದಲಿಸಿದ್ದರು. 'ಆರನೆಯ ದಿನ: ಬೆಳಿಗ್ಗೆ ಹಿಮನದಿಯಲ್ಲಿ ಪುಣ್ಯಸ್ನಾನ, ನಂತರ ಮಹಾಪ್ರಸಾದ.'

"ಸರ್, ಅದು ಪೂರ್ತಿ ಮಂಜುಗಡ್ಡಿರಿ. ಅದರಾಗ ಯಾರೂ ಸ್ನಾನ ಮಾಡೂದಿಲ್ಲ."

"ಕಾಶ್ಯಾಗೂ ಚಳಿಗಾಲದಾಗ ನೀರು ತಣ್ಣಗ ಇರ್ತಾವ. ನಮ್ಮ ಮಂದಿ ಮಾಡೇ ಮಾಡ್ತಾರ."

ತಿದ್ದುವ ಮೊದಲೇ ಕರಪತ್ರ ನಾಲ್ಕು ತಾಲೂಕು ಮುಟ್ಟಿತ್ತು. ವಾರದೊಳಗೆ ಹನ್ನೊಂದು ಫೋನ್ ಬಂದವು. ಹಡಗು ಎಂಥದ್ದು ಎಂದು ಒಬ್ಬರೂ ಕೇಳಲಿಲ್ಲ. ಹಿಮನದಿಯ ದಂಡೆಯಲ್ಲಿ ಹೆಣ್ಣುಮಕ್ಕಳಿಗೆ ಸೀರೆ ಬದಲಿಸಲು ಕೋಣೆ ಇದೆಯೇ ಎಂದು ಒಂಬತ್ತು ಮಂದಿ ಕೇಳಿದರು.

೨. ಸಂಜೆಯ ದೀಪ

ಅಂತೂ ಎಂಟು ಮಂದಿ ಸೇರಿದರು. ಇಂಡಿಯ ನಿಂಬೆಹಣ್ಣಿನ ವ್ಯಾಪಾರಿ ಮತ್ತು ಹೆಂಡತಿ. ಸಿಂದಗಿಯ ವಕೀಲರು ಮತ್ತು ಹೆಂಡತಿ. ಮುದ್ದೇಬಿಹಾಳದ ಬಟ್ಟೆ ಅಂಗಡಿಯವರು ಮತ್ತು ಹೆಂಡತಿ. ಬಸವನ ಬಾಗೇವಾಡಿಯಿಂದ ನಿವೃತ್ತ ಮುಖ್ಯಶಿಕ್ಷಕಿ ಮತ್ತು ಅವರ ತಂಗಿ. ಮುಖ್ಯಶಿಕ್ಷಕಿಯನ್ನು ಎಲ್ಲರೂ 'ಅಕ್ಕೋರು' ಎನ್ನುತ್ತಿದ್ದರು. ಅವರ ಎದುರು ವಕೀಲರೂ ಕೈಕಟ್ಟಿ ಕೂರುತ್ತಿದ್ದರು.

ಮೊದಲ ಸಭೆಯಲ್ಲಿ ನಾನು ಹವಾಮಾನ ವಿವರಿಸಿದೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಬಹಳ ತಡವಾಗಿ ಮುಳುಗುತ್ತಾನೆ, ಮುಳುಗಿದರೂ ಪೂರ್ತಿ ಕತ್ತಲಾಗುವುದಿಲ್ಲ ಎಂದೆ.

ನಿಂಬೆಹಣ್ಣಿನ ವ್ಯಾಪಾರಿಯ ಹೆಂಡತಿ ಎದ್ದು ನಿಂತರು. "ಕತ್ತಲಾಗಂಗಿಲ್ಲಂದ್ರ ದೇವರ ಮುಂದ ದೀಪ ಯಾವಾಗ ಹಚ್ಚೂದು? ದೀಪ ಹಚ್ಚದ ನಾ ರಾತ್ರಿ ಉಣ್ಣಾಕಿ ಅಲ್ಲ. ನಮ್ಮ ಹೆಸರು ತಗದ ಬಿಡವ್ವಾ."

ಎಂಟು ಆರಾಯಿತು. ನಾನು ವಕೀಲರ ಕಡೆ ನೋಡಿದೆ. ವಕೀಲರು ಕನ್ನಡಕ ಸರಿಮಾಡಿಕೊಂಡರು.

"ವೈನೀ, ನಿಮ್ಮ ದೇವರ ಜಗಲಿ ಎಲ್ಲೈತ್ರಿ?"

"ಇಂಡ್ಯಾಗ."

"ಅಂದ್ರ ಹೊತ್ತು ಮುಳುಗೂ ವಿಚಾರ ಇಂಡಿ ಹದ್ದಿನ್ಯಾಗ ಬರ್ತೈತಿ. ಅಲಾಸ್ಕಾದ ಸೂರ್ಯಾಗ ಇದರಾಗ ಅಧಿಕಾರ ಇಲ್ಲ."

ಎಲ್ಲರೂ ಒಪ್ಪಿದರು. ನಾನು ಲೆಕ್ಕ ಹಾಕಿದೆ. ಇಂಡಿಯಲ್ಲಿ ಸಂಜೆ ಏಳು ಗಂಟೆಯಾದಾಗ ಅಲ್ಲಿ ಬೆಳಿಗ್ಗೆ ಐದೂವರೆ. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಬ್ಯಾಟರಿಯ ದೀಪ.

"ಐದಕ್ಕ ನಾ ಹೆಂಗಿದ್ರೂ ಏಳೂಕಿನ" ಎಂದು ಅವರು ಸಮಾಧಾನದಿಂದ ಕುಳಿತರು.

ಅಷ್ಟರಲ್ಲಿ ಅವರ ಗಂಡನಿಗೆ ಏನೋ ಹೊಳೆಯಿತು. "ದೀಪ ಹಚ್ಚಿದ ಮ್ಯಾಲ ರಾತ್ರಿ ಊಟ. ಹಂಗಾದ್ರ ರಾತ್ರಿ ಊಟ ಮುಂಜಾನಿ ಆರಕ್ಕೇನ?"

"ಹೌದು."

"ಮತ್ತ ನಾಷ್ಟಾ?"

ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕಿದರು. "ಅದು ನಿನ್ನಿ ರಾತ್ರೀನ ಆಗಿರ್ತೈತಿ."

೩. ಕರಡಿಗೆ ಕೇಳುವಂತೆ

ಕಾಡಿನ ಗೈಡ್ ವಿಡಿಯೊ ಕರೆಯಲ್ಲಿ ಎಲ್ಲರಿಗೂ ಸುರಕ್ಷತೆಯ ಪಾಠ ಹೇಳುವುದೆಂದು ನಿಶ್ಚಯವಾಯಿತು. ಅವನು ಹೇಳಿದ್ದನ್ನು ನಾನು ಕನ್ನಡಕ್ಕೆ ತರುತ್ತಿದ್ದೆ. ಮೊದಲ ಸೂಚನೆ: ಕರಡಿ ಎದುರಾದರೆ ಓಡಬಾರದು. ಎರಡನೆಯದು: ಕಾಡಿನಲ್ಲಿ ನಡೆಯುವಾಗ ಗಟ್ಟಿಯಾಗಿ ಮಾತಾಡುತ್ತಿರಬೇಕು, ಮನುಷ್ಯರ ದನಿ ಕೇಳಿದರೆ ಕರಡಿ ತಾನೇ ದೂರ ಹೋಗುತ್ತದೆ. ಅನೇಕರಿಗೆ ಗಟ್ಟಿಯಾಗಿ ಮಾತಾಡಲು ಸಂಕೋಚವಾಗುತ್ತದೆ, ಆದ್ದರಿಂದ ಮನೆಯಲ್ಲೇ ಸ್ವಲ್ಪ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಅವನು ಸೌಮ್ಯವಾಗಿ ಹೇಳಿದ.

ಆ ಹೊತ್ತಿಗೆ ಇಲ್ಲಿ, ಕಾಡಿನ ವಾಹನದಲ್ಲಿ ಮುಂದಿನ ಸೀಟು ಯಾರಿಗೆ ಎಂಬ ಮಾತು ಶುರುವಾಗಿತ್ತು.

"ಏ, ಮುಂದಿನ ಸೀಟು ನಮ್ದು. ಮೊದಲ ಹೆಸರು ಕೊಟ್ಟಾವ ನಾ" ಎಂದರು ಬಟ್ಟೆ ಅಂಗಡಿಯವರು.

"ಹೆಸರ ಕೊಟ್ರ ಆತೇನ? ನಿಮ್ಮ ದೇಹ ಮುಂದ ಕುಂತ್ರ ಹಿಂದಿನವ್ರಿಗೆ ಕಾಡ ಕಾಣ್ತೈತೇನ?" ಎಂದರು ನಿಂಬೆಹಣ್ಣಿನ ವ್ಯಾಪಾರಿ.

"ನಿಮ್ಗ ಕಾಡ ಯಾಕ ಬೇಕ್ರಿ? ನೀವು ಅಲ್ಲೂ ನಿಂಬಿಗಿಡ ಹುಡುಕಾವ್ರು!"

"ಇಬ್ರೂ ಬಾಯಿ ಮುಚ್ರಿ!" ಎಂದರು ಅಕ್ಕೋರು. ಗೋಡೆಯ ಕ್ಯಾಲೆಂಡರ್ ಅಲುಗಿತು.

ಪರದೆಯ ಮೇಲೆ ಗೈಡ್ ತನ್ನ ಹೆಡ್‌ಫೋನ್ ತೆಗೆದು ಕೆಳಗಿಟ್ಟ. ನಿಮ್ಮಲ್ಲಿ ಏನಾದರೂ ಅನಾಹುತವಾಗಿದೆಯೇ, ಯಾರನ್ನಾದರೂ ಕರೆಸಬೇಕೇ ಎಂದು ನನ್ನನ್ನು ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಏನೂ ಇಲ್ಲಪಾ" ಎಂದು ಬಟ್ಟೆ ಅಂಗಡಿಯವರು ನಕ್ಕರು, "ಸುಮ್ನ ಮಾತಾಡಾಕತ್ತೇವಿ."

ಮರುದಿನ ಗೈಡ್‌ನಿಂದ ಪತ್ರ ಬಂತು. 'ನಿಮ್ಮ ಗುಂಪಿಗೆ ಅಭ್ಯಾಸದ ಅಗತ್ಯವಿಲ್ಲ. ಆದರೆ ಕರಡಿ ಕಾಣಿಸಬಹುದು ಎಂದು ಈ ಹಿಂದೆ ಬರೆದ ಸಾಲನ್ನು ದಯವಿಟ್ಟು ಹೊಡೆದುಹಾಕಿ.'

೪. ದಿಕ್ಕು

ಎಲ್ಲರ ವೀಸಾ ಬಂದವು. ವಿಮಾನ ಕಾಯ್ದಿರಿಸಿದ ಮೇಲೆ ಬಟ್ಟೆ ಅಂಗಡಿಯವರು ಮುದ್ದೇಬಿಹಾಳದಿಂದ ಫೋನ್ ಮಾಡಿದರು. "ಮನಿ ಬಿಡೂದು ಮಂಗಳವಾರ ಬಂದೈತಿ. ಮಂಗಳವಾರ ಉತ್ತರ ದಿಕ್ಕಿಗೆ ಹೋಗೂಹಂಗಿಲ್ಲ. ಅಲಾಸ್ಕಾ ಯಾವ ದಿಕ್ಕಿಗೈತಿ?"

ಎಂಟು ಮತ್ತೆ ಆರಾಗುವ ಲಕ್ಷಣ. ನಾನು ಸಭೆ ಕರೆದು ಭೂಗೋಳವನ್ನು ಮೇಜಿನ ಮೇಲಿಟ್ಟೆ. ದಾರ ಹಿಡಿದು ಅಳೆದರೆ ಅಲಾಸ್ಕಾ ಉತ್ತರಕ್ಕೇ ಇತ್ತು. ಇಂಥ ಸಮಯದಲ್ಲಿ ಸತ್ಯವನ್ನು ಪೂರ್ತಿ ಹೇಳಬೇಕಾಗಿಲ್ಲ ಎಂದು ನನಗೆ ಬಿ.ಎಸ್ಸಿ.ಯಲ್ಲಿ ಕಲಿಸಿರಲಿಲ್ಲ, ಕಚೇರಿಯಲ್ಲಿ ಕಲಿತಿದ್ದೆ.

"ಭೂಮಿ ದುಂಡಗೈತ್ರಿ. ಪೂರ್ವಕ್ಕ ಹೋದ್ರೂ ಅಲಾಸ್ಕಾ ಮುಟ್ತೇವಿ, ಪಶ್ಚಿಮಕ್ಕ ಹೋದ್ರೂ ಮುಟ್ತೇವಿ. ಯಾವ ದಿಕ್ಕು ಅಂತ ಬರಕೊಳ್ಳೂದು ನಿಮ್ಮ ಇಷ್ಟ."

ವಕೀಲರು ಭೂಗೋಳವನ್ನು ಎರಡು ಸಲ ತಿರುಗಿಸಿದರು. "ಇಷ್ಟ ಅನುಕೂಲದ ಆಕಾರ ನಾ ನೋಡೇ ಇಲ್ಲ" ಎಂದರು.

ಬಟ್ಟೆ ಅಂಗಡಿಯವರಿಗೆ ಅರ್ಧ ಸಮಾಧಾನ. ಉಳಿದರ್ಧಕ್ಕೆ ಅಕ್ಕೋರು ದಾರಿ ತೋರಿಸಿದರು: ಪ್ರಸ್ಥಾನ ಇಡುವುದು. ಅಂದರೆ ಒಳ್ಳೆಯ ದಿನ ನೋಡಿ ಚೀಲವನ್ನು ಮೊದಲೇ ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ ಲೆಕ್ಕ. ಆಮೇಲೆ ಮನುಷ್ಯ ಯಾವ ದಿನ ಹೊರಟರೂ ನಡೆಯುತ್ತದೆ. ಇಟ್ಟ ಚೀಲವನ್ನು ತಿರುಗಿ ಮನೆಗೆ ಒಯ್ಯಬಾರದು, ಅಷ್ಟೇ. ಇಡುವ ಜಾಗವಾಗಿ ನಾಲ್ಕು ಊರಿನವರೂ ಒಮ್ಮತದಿಂದ ಆರಿಸಿದ್ದು ಇಂಡಿಯ ನಮ್ಮ ಮನೆ.

ಗುರುವಾರ ಮುಂಜಾನೆ ಹದಿನಾರು ಚೀಲಗಳು ನಮ್ಮ ಪಡಸಾಲೆಯಿಂದ ಅಲಾಸ್ಕಾಕ್ಕೆ ಹೊರಟವು. ಮಂಗಳವಾರದವರೆಗೆ ನಾವು ಮನೆಯವರು ಹಿತ್ತಲ ಬಾಗಿಲಿನಿಂದ ಓಡಾಡಿದೆವು.

೫. ಬುತ್ತಿ

ಹಡಗಿನಲ್ಲಿ ಮನೆಯ ಅಡುಗೆಗೆ ಅವಕಾಶವಿಲ್ಲ. ಕಾಡಿನಲ್ಲಂತೂ ಇಲ್ಲವೇ ಇಲ್ಲ. ಅಡುಗೆಯ ವಾಸನೆಗೆ ಕರಡಿ ಬರುತ್ತದೆ. ಇದನ್ನು ನಾಲ್ಕು ಸಭೆಗಳಲ್ಲಿ ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ಎಂಟೂ ಮಂದಿ "ಹೌದ್ರಿ, ಖರೇ ಐತ್ರಿ" ಎಂದಿದ್ದರು. ಆದ್ದರಿಂದ ಮಂಗಳವಾರ ಮುಂಜಾನೆ ಒಬ್ಬಳೇ ಕುಳಿತು, ಒಂದೊಂದೇ ಚೀಲ ಬಿಚ್ಚಿ ತಪಾಸಣೆ ಮಾಡಿದೆ.

ಉಪ್ಪಿನಕಾಯಿ ಮೂರು ಬರಣಿ. ಚಕ್ಕುಲಿ. ಒಂದು ಚೀಲದ ತಳದಲ್ಲಿ ನಲವತ್ತು ನಿಂಬೆಹಣ್ಣು. ಯಾರ ಚೀಲವೆಂದು ಹೇಳಬೇಕಾಗಿಲ್ಲ. ಅಕ್ಕೋರ ಚೀಲದಲ್ಲಿ ಬಿಳಿ ಬಟ್ಟೆಯ ದೊಡ್ಡ ಗಂಟು: ಖಡಕ್ ರೊಟ್ಟಿಯ ಎರಡು ಅಡಕಲು, ನಡುವೆ ಕಾಗದದ ಪೊಟ್ಟಣಗಳಲ್ಲಿ ಶೇಂಗಾ ಚಟ್ನಿಪುಡಿ, ಬೆಳ್ಳುಳ್ಳಿ ಖಾರ. ಗಂಟಿನ ಬಾಯಿ ಸರಿಸಿ ಇಣುಕಿ, ಹೊರಗಿನಿಂದ ಹಿಚುಕಿ ನೋಡಿದೆ. ಕರಕರ ಎಂದಿತು. ಪೂರ್ತಿ ಬಿಚ್ಚಿ ಪರೀಕ್ಷಿಸುವ ಅಗತ್ಯ ಕಾಣಲಿಲ್ಲ.

ಉಳಿದದ್ದನ್ನು ಅವ್ವನಿಗೆ ಕೊಟ್ಟೆ. ಗಂಟನ್ನು ಬಸ್ ನಿಲ್ದಾಣದಲ್ಲಿ ಪರಿಚಯದ ಕಂಡಕ್ಟರರಿಗೆ ಊಟಕ್ಕೆಂದು ಕೊಟ್ಟೆ. ಅವರು ಸಿಂದಗಿ ಬಸ್ಸಿನವರು. ತಪಾಸಣೆಯ ಪಟ್ಟಿಯಲ್ಲಿ 'ತಿನಿಸು: ಇಲ್ಲ' ಎಂದು ಗುರುತು ಹಾಕಿದೆ.

ಮಧ್ಯಾಹ್ನ ಎಲ್ಲರೂ ಮುಂಬೈಗೆ ಹೊರಡುವ ಟೆಂಪೋದಲ್ಲಿ ಕುಳಿತರು. ಪಟ್ಟಿಯ ಕೊನೆಯ ಸಾಲು ಪಾಸ್‌ಪೋರ್ಟ್. ಅವುಗಳ ಜವಾಬ್ದಾರಿಯನ್ನು ಎಲ್ಲರೂ ಸೇರಿ ಅಕ್ಕೋರಿಗೆ ವಹಿಸಿದ್ದರು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಕಾದವರು ಎಂಬ ಕಾರಣಕ್ಕೆ.

"ಅಕ್ಕೋರ, ಪಾಸ್‌ಪೋರ್ಟ್ ಎಲ್ಲಿ ಅದಾವ್ರಿ?"

"ಗಂಟಿನ್ಯಾಗ."

"ಯಾವ ಗಂಟು?"

"ರೊಟ್ಟಿ ಗಂಟು. ಪ್ರಸ್ಥಾನ ಇಟ್ಟ ದಿನಾನ ಒಳಗ ಹಾಕೇನಿ. ಕಪಾಟ ಆದ್ರ ಕಳ್ಳ ಒಡೀತಾನ. ರೊಟ್ಟಿ ಗಂಟು ಯಾವ ಕಳ್ಳ ಒಯ್ತಾನವ್ವಾ?"

ಒಯ್ದ ಕಳ್ಳಿ ನಾನೇ ಆಗಿದ್ದೆ.

"ನಿಂದೂ ಅದರಾಗ ಐತಿ" ಎಂದರು ಅಕ್ಕೋರು ಪ್ರೀತಿಯಿಂದ. "ನಿಮ್ಮ ಮನ್ಯಾಗ ಟೇಬಲ್ ಮ್ಯಾಲ ಸುಮ್ನ ಬಿದ್ದಿತ್ತು. ಬಿ.ಎಸ್ಸಿ. ಓದೀದಿ, ಒಂದ ಸಾಮಾನು ಜ್ವಾಕಿಲೆ ಇಡಾಕ ಬರಂಗಿಲ್ಲ."

ಪಟ್ಟಿ ನೋಡಿದೆ. ಎಂಟು ಪ್ರವಾಸಿಗರ ಹೆಸರಿತ್ತು. ಒಂಬತ್ತನೆಯವಳ ಹೆಸರನ್ನು ಪಟ್ಟಿ ಮಾಡಿದವಳು ಬರೆದಿರಲಿಲ್ಲ.

ಕಂಡಕ್ಟರರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಡೆದದ್ದನ್ನು ಎಲ್ಲರಿಗೂ ಹೇಳಲೇಬೇಕಾಯಿತು. ಕರಡಿಯನ್ನು ಇಂಡಿಯಿಂದಲೇ ಓಡಿಸುವಷ್ಟು ದನಿ ಎದ್ದಿತು. ಟೆಂಪೋ ಸಿಂದಗಿ ಕಡೆ ತಿರುಗಿತು.

"ಮುಂಬೈ ಆ ಕಡೆ, ಇದು ಈ ಕಡೆ ಹೊಂಟೈತಿ!" ಎಂದು ಬಟ್ಟೆ ಅಂಗಡಿಯವರು ತಲೆಗೆ ಕೈಹಚ್ಚಿ ಕುಳಿತರು.

"ಕುಂದರ್ರಿ ಸುಮ್ನ" ಎಂದರು ವಕೀಲರು. "ಭೂಮಿ ದುಂಡಗೈತಿ. ಹಿಂಗ ಹೋದ್ರೂ ಮುಟ್ತೇವಂತ."

ಸಿಂದಗಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಂಡಕ್ಟರರೂ ಡ್ರೈವರರೂ ಗಂಟು ಬಿಚ್ಚಿಕೊಂಡು ಊಟಕ್ಕೆ ಕುಳಿತಿದ್ದರು. ಎಂಟು ಪಾಸ್‌ಪೋರ್ಟು ಪಕ್ಕದಲ್ಲಿ ಅಡಕಲಾಗಿದ್ದವು. ಒಂಬತ್ತನೆಯದರ ಮೇಲೆ ಬೆಳ್ಳುಳ್ಳಿ ಖಾರ ಹಾಕಿಕೊಂಡಿದ್ದರು.

"ಬರ್ರಿ ಬರ್ರಿ, ಊಟ ಮಾಡ್ರಿ" ಎಂದರು ಕಂಡಕ್ಟರರು. "ಬ್ಯಾರೆದವ್ರ ಪುಸ್ತಕ ಹೊಲಸ ಆಗಬಾರದು ನೋಡ್ರಿ. ಅದಕ್ಕ ನಿಮ್ಮ ಫೋಟೋ ಇರೂದ ಹುಡುಕಿ ತಗೊಂಡ್ವಿ. ಗುರ್ತಿನವ್ರು."

ನಾವು ವಿಮಾನ ಹಿಡಿದೆವು. ಹಡಗೂ ಹತ್ತಿದೆವು. ಸಮುದ್ರ ನೋಡಿದೆ. ಸಮೀಕರಣ ಸರಿಯಿತ್ತು.

ಎಂಟನೆಯ ದಿನ ಕಾಡಿನ ಬಾಗಿಲಲ್ಲಿ ಗೈಡ್ ನಮ್ಮನ್ನು ಸಾಲಾಗಿ ನಿಲ್ಲಿಸಿ, ತಿನಿಸಿದ್ದರೆ ಕೊಡಿ ಎಂದ. ಇಲ್ಲ ಎಂದೆವು, ನಿಜವೇ ಹೇಳಿದೆವು. ಅವನು ಮೂಗು ಏರಿಸಿ ಸಾಲಿನುದ್ದಕ್ಕೂ ನಡೆದ. ನನ್ನ ಎದುರು ನಿಂತ. ಕೊನೆಗೆ ಒಂಬತ್ತು ಪಾಸ್‌ಪೋರ್ಟುಗಳನ್ನೂ ಇಸಿದುಕೊಂಡು, ಕರಡಿಯ ಕೈಗೆ ತೆರೆಯದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

"ನೋಡಿದ್ಯಾ?" ಎಂದರು ಅಕ್ಕೋರು. "ರೊಟ್ಟ್ಯಾಗ ಇಟ್ಟಿದ್ದಕ್ಕ ಇಷ್ಟ ಬಂದೋಬಸ್ತ್ ಸಿಕ್ತು."

ನಾಲ್ಕು ದಿನ ಒಂದು ಕರಡಿಯೂ ಕಾಣಲಿಲ್ಲ. ಮುಂದಿನ ಸೀಟಿನ ಚರ್ಚೆ ಮುಗಿದಿರಲಿಲ್ಲ, ಆದ್ದರಿಂದ ಕಾಣುವ ಸಂಭವವೂ ಇರಲಿಲ್ಲ. ಕೊನೆಯ ಮುಂಜಾನೆ, ಇಂಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ, ಒಂದು ದೊಡ್ಡ ಕಂದು ಕರಡಿ ನಮ್ಮ ಅಷ್ಟೂ ಗದ್ದಲವನ್ನು ಲೆಕ್ಕಿಸದೆ ಕಾಡಿನಿಂದ ನೇರವಾಗಿ ಪೆಟ್ಟಿಗೆಯ ಬಳಿ ಬಂತು. ಮೂಸಿತು. ಸುತ್ತು ಹಾಕಿತು. ಮತ್ತೆ ಮೂಸಿತು. ಇಂಥ ಗುಂಪಿನ ಹತ್ತಿರ ಕರಡಿ ಬಂದದ್ದನ್ನು ತಾನು ಕಂಡಿಲ್ಲ ಎಂದು ಗೈಡ್ ಪಿಸುಗುಟ್ಟಿದ. ಪೆಟ್ಟಿಗೆ ತೆರೆಯಲಾರದೆ ಅದು ಬೇಸರದಿಂದ ನಮ್ಮ ಕಡೆ ಒಮ್ಮೆ ನೋಡಿ, ನಿಧಾನವಾಗಿ ಮರಳಿ ಹೋಯಿತು.

ಆ ಐದು ದಿನದಲ್ಲಿ ಮೊದಲ ಸಲ ಎಲ್ಲರೂ ಸುಮ್ಮನಿದ್ದರು. ಆಮೇಲೆ ನಿಂಬೆಹಣ್ಣಿನ ವ್ಯಾಪಾರಿಯ ಹೆಂಡತಿ ನಿಟ್ಟುಸಿರು ಬಿಟ್ಟರು.

"ಪಾಪ, ಬಾಗಿಲಿಗೆ ಬಂದದ್ದು ಹಸದ ಹೋತು. ಒಂದ ರೊಟ್ಟಿ ಉಳಿಸಿದ್ರ ಏನ ಆಗ್ತಿತ್ತ, ತಂಗಿ?"

ಎಂಟೂ ಮಂದಿ ನನ್ನ ಕಡೆ ತಿರುಗಿದರು. ಗೈಡ್‌ಗೆ ಕನ್ನಡ ಬರುವುದಿಲ್ಲ. ಆದರೂ ಅವನೂ ತಿರುಗಿದ.