ಮೋಡೆಮ್ಮಿಗೆ ಚೆಂಡುಹೂವಿನ ಹಾರ

ರಾದ್ಧಾಂತಕ್ಕೆಲ್ಲ ಕಾರಣ ಒಂದು ಚಿಟಿಕೆ ಕುಂಕುಮ. ಅದು ಯಾರದಾದರೂ ಹಣೆಯ ಮೇಲಿದ್ದಿದ್ದರೆ ತೊಂದರೆಯಿರಲಿಲ್ಲ. ಆದರೆ ಅದು ಹೋಗಿ ಕೂತಿದ್ದು ಲಕ್ಷ್ಮಿಕಾಂತನ ವಿಡಿಯೋ ಆಟದ ಡಬ್ಬಿಯಲ್ಲಿ, ಹೆಡ್‌ಸೆಟ್ಟಿನ ಪಿನ್ನು ಸೇರಬೇಕಾದ ತೂತಿನೊಳಗೆ.

ಎರಡು ಸಾವಿರದ ಎಂಟರ ಆಯುಧಪೂಜೆ. ಪುಲಿಕೇಶಿನಗರದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಲಕ್ಷ್ಮಿಕಾಂತ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಹಾಲಿಗೆ ಬಂದವನು ಟಿ.ವಿ. ಸ್ಟ್ಯಾಂಡ್ ನೋಡಿ ನಿಂತಲ್ಲೇ ನಿಂತ. ಡಬ್ಬಿ ಇಲ್ಲ, ಮೋಡೆಮ್ ಇಲ್ಲ, ಹೆಡ್‌ಸೆಟ್ ಇಲ್ಲ. ಕಳ್ಳರು ಎನ್ನೋಣವೆಂದರೆ ಟಿ.ವಿ. ಮಾತ್ರ ಕೊರಳಿಗೆ ಹಾರ ಹಾಕಿಕೊಂಡು ಛತ್ರದ ಮದುಮಗನ ಹಾಗೆ ಕೂತಿದೆ. ದೇವರ ಕೋಣೆಗೆ ಓಡಿದ. ಈಳಿಗೆಮಣೆ, ಕತ್ತರಿ, ಸ್ಕ್ರೂಡ್ರೈವರ್, ಸ್ಕೂಟರಿನ ಕೀಲಿಕೈಗಳ ಸಾಲಿನಲ್ಲಿ ಅವನ ಸಾಮಾನುಗಳೆಲ್ಲ ಗಂಧ ಕುಂಕುಮ ಬಳಿಸಿಕೊಂಡು ಮಂಗಳಾರತಿಗೆ ಕಾಯುತ್ತಿದ್ದವು. ಮೋಡೆಮ್ ಅಂತೂ ಚೆಂಡುಹೂವಿನ ಗುಡ್ಡೆಯಡಿ ಪೂರ್ತಿ ಹೂತುಹೋಗಿತ್ತು.

“ಅವ್ವಾ! ಇವನ್ನ ಯಾಕ ಇಲ್ಲಿ ತಂದಿಟ್ಟಿ?”

ದಸರೆಗೆಂದು ಕೊಪ್ಪಳದಿಂದ ಬಂದಿದ್ದ ತಾಯಿ ಶೇಷಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಮತ್ತ? ಖಂಡೆ ಪೂಜಿ ಅಲ್ಲೇನೋ ಇವತ್ತ? ಇವನ್ನ ಹಿಡ್ಕೊಂಡು ಯುದ್ಧ ಮಾಡ್ತಿ, ‘ಹೊಡಿ, ಹೊಡಿ’ ಅಂತ ಒದರ್ತಿ. ಆಯುಧ ಅಲ್ಲದ ಮತ್ತೇನು?”

“ಸಂಜಿ ಐದಕ್ಕ ಬೇಕು ನನಗ.”

“ಪೂಜಿ ಆದ ಆಯುಧ ಇವತ್ತ ಮುಟ್ಟಂಗಿಲ್ಲ. ನಾಳೆ ಬನ್ನಿ ಮುಡದ ಮ್ಯಾಲ ಎತ್ಕೊ.”

ನಾಳೆಯವರೆಗೆ ಕಾಯುವ ಆಟ ಅದಾಗಿರಲಿಲ್ಲ. ಲಕ್ಷ್ಮಿಕಾಂತ ಕೆಲಸ ಮಾಡುತ್ತಿದ್ದ ಕೊರಿಯರ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ಅವನ ಪಕ್ಕದ ಮೇಜಿನ ಚನ್ನು ಕಲ್ಯಾಣ ನಗರದಲ್ಲಿರುತ್ತಿದ್ದ. ಅವನ ಮನೆಯಲ್ಲೂ ಇಂಥದೇ ಡಬ್ಬಿ. ಭಾನುವಾರ ಬಂತೆಂದರೆ ಇಬ್ಬರೂ ತಮ್ಮತಮ್ಮ ಮನೆಯಲ್ಲೇ ಕೂತು ಇಂಟರ್ನೆಟ್ಟಿನ ಮೂಲಕ ಫುಟ್‌ಬಾಲ್ ಆಡುತ್ತಿದ್ದರು. ಆಡುತ್ತಿದ್ದುದು ಇಬ್ಬರು, ಗೆಲ್ಲುತ್ತಿದ್ದುದು ಚನ್ನು ಒಬ್ಬನೇ. ಪ್ರತಿ ಸಲವೂ ಲಕ್ಷ್ಮಿಕಾಂತ ಹೆಂಡತಿಯ ಮುಂದೆ, “ನೆಟ್ ಸ್ಲೋ ಇತ್ತು, ಇಲ್ಲಾಂದ್ರ ಇವತ್ತ ಅವನ ಕತಿ ಮುಗೀತಿತ್ತು” ಎನ್ನುತ್ತಿದ್ದ. ಹೋದ ವಾರ ಸುಜಾತಾಳ ತಾಳ್ಮೆ ಮುಗಿಯಿತು.

“ನೆಟ್ಟಿನ ಪುರಾಣ ಸಾಕು. ಹಬ್ಬದ ದಿನ ಒಂದೇ ಒಂದು ಆಟ. ಗೆದ್ರ ಡಬ್ಬಿ ಇಲ್ಲೇ ಇರ್ತೈತಿ, ಭಾನುವಾರ ನಾ ತುಟಿ ಬಿಚ್ಚಂಗಿಲ್ಲ. ಸೋತ್ರ, ಬನ್ನಿ ಕೊಡಾಕ ಚನ್ನು ಅವರ ಮನಿಗಿ ಹೋಗ್ತೀವಲ್ಲ, ಬನ್ನಿ ಜೊತಿ ಡಬ್ಬಿನೂ ಅವರಿಗೇ ಕೊಟ್ಟು ಬರೂದು.”

ಹಾಗಾಗಿ ಈಗ ಅತ್ತೆಯ ಮನಸ್ಸು ಒಲಿಸಲು ಬಂದವಳೂ ಸುಜಾತಾಳೇ. ಗಂಡ ಸೋಲುವುದರಲ್ಲಿ ಅವಳಿಗೆ ಅಷ್ಟು ನಂಬಿಕೆ.

“ಅತ್ತೀ, ಯುದ್ಧದ ದಿನಾನೇ ಆಯುಧ ಕಟ್ಟಿ ಇಟ್ರ ಹೆಂಗ? ಆಡ್ಲಿ ಬಿಡ್ರಿ. ಒಮ್ಮೆ ತೀರ್ಮಾನ ಆಗಿಬಿಡ್ಲಿ.”

ಶೇಷಮ್ಮ ಯೋಚಿಸಿದಳು. “ಆತು. ಆದ್ರ ಒಂದ್ ಹೂ ಕದಲಬಾರ್ದು, ಒಂದ್ ಬೊಟ್ಟು ಅಳಿಸಬಾರ್ದು. ಹೆಂಗೈತಿ ಹಂಗ ಎತ್ಕೊಂಡ್ ಹೋಗು.”

ನಾಲ್ಕು ಗಂಟೆಗೆ ಲಕ್ಷ್ಮಿಕಾಂತ ಹೂ ಕದಲದಂತೆ ಮೋಡೆಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಉತ್ಸವಮೂರ್ತಿಯನ್ನು ಹೊತ್ತ ಅರ್ಚಕನಂತೆ ಹೆಜ್ಜೆಯಿಡುತ್ತ ಹಾಲಿಗೆ ತಂದ. ಅಷ್ಟರಲ್ಲಿ ಕೆಳಗಿನಿಂದ ಮನೆಯೊಡತಿ ಜಹನಾರಾ ಆಂಟಿ ಮೆಟ್ಟಿಲೇರಿ ಬಂದರು. ಇಂಟರ್ನೆಟ್ ಬರುತ್ತಿದ್ದುದು ಅವರ ಲ್ಯಾಂಡ್‌ಲೈನಿನ ಮೇಲೆ. ಅವರು ಫೋನ್ ಎತ್ತಿದರೆ ಇಲ್ಲಿ ಗೋಲ್‌ಕೀಪರ್ ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಡುತ್ತಿದ್ದ.

“ಐದರಿಂದ ಆರು ಗಂಟೆ ಫೋನ್ ಮುಟ್ಬೇಡಿ ಅಂದ್ರಲ್ಲ ಬೇಟಾ, ಕೆಳಗಿದ್ರೆ ಕೈ ತಡೆಯಲ್ಲ ನಂಗೆ. ತಂಗಿಗೆ ಮಾಡ್ಬಿಡ್ತೀನಿ. ಅದ್ಕೆ ಮೇಲೇ ಬಂದ್ಬಿಟ್ಟೆ,” ಎಂದು ಸೋಫಾದ ನಡುವೆ ಕೂತರು. ಸುಜಾತಾ ಅವರ ಕೈಗೆ ಒಂದು ತಟ್ಟೆ ಚುರುಮುರಿ ಕೊಟ್ಟಳು.

ಲಕ್ಷ್ಮಿಕಾಂತ ವೈರುಗಳನ್ನೆಲ್ಲ ಜೋಡಿಸಿ, ಹೂವಿನ ದಳಗಳ ಸಂದಿಯಲ್ಲಿ ಇಣುಕಿದ. ಮೋಡೆಮ್ಮಿನ ದೀಪಗಳೆಲ್ಲ ಹತ್ತಿದ್ದವು. ನೆಟ್ ಬಂದಿತ್ತು! ಮೊಬೈಲಿನಲ್ಲಿ ಚನ್ನು, “ಕಾಣ್ತಿದೀಯ ಮಗಾ, ನಿನ್ನ ಹೆಸರಿನ ಮುಂದೆ ಹಸಿರು ದೀಪ. ಆದ್ರೆ ನಿನ್ನ ಮಾತೇ ಕೇಳ್ತಿಲ್ಲ. ಹೆದ್ರಿ ನಾಲಿಗೆ ಬಿದ್ದೋಯ್ತಾ?” ಎಂದ.

ತನ್ನ ಮಾತು ಕೇಳಿಸದೆ ಆಡುವುದು ಲಕ್ಷ್ಮಿಕಾಂತನಿಗೆ ಒಪ್ಪಿಗೆಯಿರಲಿಲ್ಲ. ಒಂದು ವಾರದಿಂದ ಚನ್ನುವನ್ನು ಆಡಿಕೊಳ್ಳಲು ಒಳ್ಳೊಳ್ಳೆ ಮಾತುಗಳನ್ನು ಕೂಡಿಟ್ಟಿದ್ದ. ಆಫೀಸಿನಲ್ಲಿ ಡೆಲಿವರಿ ಚಲನ್ ಬರೆಯುವಾಗಲೂ ಅವನ್ನೇ ತುಟಿಯಲ್ಲಿ ಅಭ್ಯಾಸ ಮಾಡಿದ್ದ. ಹೆಡ್‌ಸೆಟ್ಟಿನ ಪಿನ್ನನ್ನು ತಿರುಗಿಸಿದ, ತುರುಕಿದ, ಅಂಗಿಯಿಂದ ಒರೆಸಿದ. ಕೊನೆಗೆ ತೂತಿಗೆ ಬಾಯಿಟ್ಟು ಜೋರಾಗಿ ಊದಿದ. ಅದರೊಳಗಿದ್ದ ಕುಂಕುಮದಲ್ಲಿ ಅರ್ಧ ಒಂದೇ ಏಟಿಗೆ ಅವನ ಮುಖಕ್ಕೇ ಹಾರಿತು, ಉಳಿದರ್ಧ ಇನ್ನೂ ಒಳಕ್ಕೆ ಹೋಗಿ ಕೂತಿತು. ಎಡಗಣ್ಣು ಉರಿಯತೊಡಗಿತು.

“ಯಾ ಅಲ್ಲಾ, ಲಕ್ಷ್ಮಿಕಾಂತು ಮುಖ ನೋಡಿ!” ಎಂದು ಜಹನಾರಾ ಆಂಟಿ ಚುರುಮುರಿ ನೆತ್ತಿಗೇರಿಸಿಕೊಂಡರು.

“ಬಣ್ಣ ಬಳ್ಕೊಂಡಾನ, ರಾಕ್ಷಸನ ಪಾತ್ರ ಸಿಕ್ಕಿರಬೇಕು,” ಎಂದಳು ಶೇಷಮ್ಮ.

ಲಕ್ಷ್ಮಿಕಾಂತ ಒಂದು ಕಣ್ಣು ಮುಚ್ಚಿಕೊಂಡೇ “ಹಲೋ! ಹಲೋ! ಹಲೋ ಚನ್ನೂ!” ಎಂದು ಕೂಗತೊಡಗಿದ. ಆ ಕೂಗು ಕಲ್ಯಾಣ ನಗರಕ್ಕೆ ಹೋಗಲಿಲ್ಲ, ಎದುರುಮನೆಗೆ ಹೋಯಿತು. ಎದುರುಮನೆಯಲ್ಲಿದ್ದವರು ಸನಾವುಲ್ಲಾ. ಮೂವತ್ತು ವರ್ಷ ಮದುವೆ, ಉರುಸು, ಗಣೇಶನ ಪೆಂಡಾಲುಗಳಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಈಚೆಗೆ ವಿಶ್ರಾಂತಿಯಲ್ಲಿದ್ದವರು. ಯಾರಾದರೂ ‘ಹಲೋ ಹಲೋ’ ಎಂದರೆ ಅವರಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

“ಏನ್ ಜೀ, ಮೈಕ್ ಕಂಪ್ಲೇಂಟಾ?” ಎನ್ನುತ್ತಲೇ ಒಳಗೆ ಬಂದರು. ಹೆಡ್‌ಸೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಸತ್ತ ಜಿರಲೆ ನೋಡಿದ ಹಾಗೆ ನೋಡಿದರು. “ಇದ್ರಲ್ಲಿ ಮಾತಾಡ್ತೀರಾ? ಇದು ಆಟದ ಸಾಮಾನು. ಐದು ನಿಮಿಷ ಕೊಡಿ.”

“ಅಂಕಲ್, ಬ್ಯಾಡ್ರಿ, ಟೈಮಿಲ್ಲ—”

ಅಂಕಲ್ ಅಷ್ಟರಲ್ಲಿ ರಸ್ತೆ ದಾಟಿದ್ದರು. ಮರಳಿ ಬಂದಾಗ ಅವರ ಕಂಕುಳಲ್ಲಿ ಹಳೆಯ ಆಂಪ್ಲಿಫೈಯರ್, ಹೆಗಲ ಮೇಲೆ ಹಂಡೆಯಷ್ಟು ದೊಡ್ಡ ಹಾರ್ನ್, ಕೈಯಲ್ಲಿ ಭಾಷಣದ ಮೈಕು. ಹಾರ್ನನ್ನು ಬಾಲ್ಕನಿಯ ಸರಳಿಗೆ ಬಿಗಿದರು. ಆಂಪ್ಲಿಫೈಯರಿನಿಂದ ಒಂದು ವೈರು ಎಳೆದು, ತುದಿ ಸುಲಿದು, ಆಟದ ಡಬ್ಬಿಯ ತೂತಿಗೆ ಸೇರಿಸಿ, ಜಾರದಂತೆ ಬೆಂಕಿಕಡ್ಡಿ ತುರುಕಿದರು.

“ಈಗ ನಿಮ್ಮ ದೋಸ್ತಿಗೆ ನೆಟ್ಟಲ್ಲೂ ಕೇಳ್ಸುತ್ತೆ, ನೆಟ್ ಇಲ್ದೇನೂ ಕೇಳ್ಸುತ್ತೆ. ಪ್ಲಗ್ ಪಾಯಿಂಟ್ ಎಲ್ಲಿ?”

ಪ್ಲಗ್ ಪಾಯಿಂಟುಗಳೆಲ್ಲ ತುಂಬಿದ್ದವು. ಲಕ್ಷ್ಮಿಕಾಂತ ಬಚ್ಚಲಿನಲ್ಲಿ ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದ. ಸನಾವುಲ್ಲಾ ಒಂದೊಂದೇ ವೈರು ಹಿಡಿದು ಹೋದರು. ಇದು ಟಿ.ವಿ.ಯದು, ಬೇಕು. ಇದು ಡಬ್ಬಿಯದು, ಬೇಕು. ಇನ್ನೊಂದು ಹೂವಿನ ಗುಡ್ಡೆಯೊಳಗೆ ಹೋಗಿತ್ತು, ಅದರ ಸಂದಿಯಲ್ಲಿ ಸಣ್ಣ ದೀಪಗಳು ಮಿಣುಕುತ್ತಿದ್ದವು. ಹಬ್ಬಕ್ಕೆ ಹಾಕಿದ ಸೀರಿಯಲ್ ಸೆಟ್ ಇರಬೇಕೆಂದುಕೊಂಡ ಅವರು, “ಮಾಫ್ ಕರೋ, ಆಮೇಲೆ ಹಾಕ್ತೀನಿ” ಎಂದು ಹೂವಿನ ಗುಡ್ಡೆಗೆ ಮರ್ಯಾದೆಯಿಂದ ಹೇಳಿ ಅದನ್ನು ಕಿತ್ತು ಆಂಪ್ಲಿಫೈಯರಿನ ಪ್ಲಗ್ಗು ಚುಚ್ಚಿದರು.

ಗಡಿಯಾರ ಐದು ಹೊಡೆಯಿತು. ಲಕ್ಷ್ಮಿಕಾಂತ ಓಡಿಬಂದು ಕಂಟ್ರೋಲರ್ ಹಿಡಿದು ಗುಂಡಿ ಒತ್ತಿದ. ಟಿ.ವಿ. ಪರದೆಯ ನಡುವೆ ಇಂಗ್ಲಿಷಿನಲ್ಲಿ ಏನೋ ನಾಲ್ಕು ಸಾಲು ಬಂತು. ಓಕೆ ಒತ್ತಿದ.

ಓದಲು ಬಾರದವನೇನಲ್ಲ ಅವನು. ಆದರೆ ಅವರ ಬಿಲ್ಲಿಂಗ್ ವಿಭಾಗದ ಕಂಪ್ಯೂಟರು ಒಂದು ಬಿಲ್ಲಿಗೆ ಹತ್ತು ಸಲ ಏನಾದರೊಂದು ಕೇಳುತ್ತಿತ್ತು. ಓದುತ್ತ ಕೂತರೆ ಪಾರ್ಸಲ್ಲು ಗೋದಾಮಿನಲ್ಲೇ ಉಳಿಯುತ್ತಿತ್ತು. ಆದ್ದರಿಂದ ಏನು ಬಂದರೂ ಮೊದಲು ಓಕೆ ಒತ್ತುವುದು ಅಲ್ಲಿನವರೆಲ್ಲರಿಗೂ ಉಸಿರಾಡಿದಷ್ಟು ಸಹಜವಾಗಿತ್ತು. ಆಟ ಶುರುವಾಯಿತು. ಎದುರಾಳಿಯ ಹೆಸರು ಕಾಣಬೇಕಾದ ಮೂಲೆಯ ಮೇಲೆ ಹಾರ ತೂಗುತ್ತಿತ್ತು. ಅದನ್ನು ಸರಿಸುವಂತಿರಲಿಲ್ಲ.

ಮೊದಲನೇ ನಿಮಿಷದಲ್ಲೇ ಲಕ್ಷ್ಮಿಕಾಂತ ಗೋಲು ಹೊಡೆದ. ಅವನಿಗೇ ನಂಬಿಕೆ ಬರಲಿಲ್ಲ. ಚನ್ನುವಿನ ಆಟಗಾರರು ಮದುವೆಯಲ್ಲಿ ಊಟದ ಎಲೆಗೆ ಕಾಯುವ ಬೀಗರ ಹಾಗೆ ಸುಮ್ಮನೆ ನಿಂತಿದ್ದರು.

“ಲೇ ಚನ್ನ್ಯಾ!” ಲಕ್ಷ್ಮಿಕಾಂತ ಮೈಕಿಗೆ ಬಾಯಿಟ್ಟ. ಬಾಲ್ಕನಿಯ ಹಾರ್ನ್ ಗುಡುಗಿತು. “ಎಲ್ಲಿ ಅಡಗೀಯಲೇ? ಹೊರಗ ಬಾ!”

ರಸ್ತೆಯಲ್ಲಿ ತಳ್ಳುಗಾಡಿಯವನು ಬೂದುಗುಂಬಳ ಕೆಳಗಿಟ್ಟು ಮೇಲೆ ನೋಡಿದ. ಎರಡನೇ ಗೋಲಿಗೆ ಎದುರುಮನೆಗಳ ಕಿಟಕಿಗಳು ತೆರೆದವು. ಮೂರನೆಯದಕ್ಕೆ ಬಾಗಿಲಿನಲ್ಲಿ ಚಪ್ಪಲಿಗಳ ರಾಶಿ ಬಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ.

“ಆ ಕಡೆಯವ್ರು ಮಾತೇ ಆಡ್ತಿಲ್ವಲ್ಲ?” ಜಹನಾರಾ ಆಂಟಿ ಕೇಳಿದರು.

“ಎಲ್ಲಿ ಆಡ್ತಾನ್ರೀ ಆಂಟಿ, ಹೆದರಿ ಗಂಟಲು ಒಣಗಿರಬೇಕು!” ಎಂದ ಲಕ್ಷ್ಮಿಕಾಂತ ಕೂಡಿಟ್ಟಿದ್ದ ಮಾತುಗಳನ್ನೆಲ್ಲ ಒಂದೂ ಉಳಿಸದೆ ಖರ್ಚು ಮಾಡಿದ. “ಚನ್ನ್ಯಾ, ನಿನ್ನ ಗೋಲ್‌ಕೀಪರ್‌ಗ ಪೆನ್ಷನ್ ಕೊಟ್ಟು ಮನಿಗಿ ಕಳಸೋ! ಬಿಲ್ಲಿಂಗ್‌ನಾಗ ನಿನ್ನ ತಪ್ಪು ಮುಚ್ಚಿಡ್ತೀನಲೇ, ಇಲ್ಲಿ ಯಾರು ಮುಚ್ಚಿಡಬೇಕು?” ಪ್ರತಿ ಮಾತಿಗೂ ಕೆಳಗೆ ರಸ್ತೆಯಲ್ಲಿ ಶಿಳ್ಳೆ ಬಿತ್ತು. ಮಗ ಸುಖಾಸುಮ್ಮನೆ ಒದರುತ್ತಾನೆಂದು ಬೈಯುತ್ತಿದ್ದ ಶೇಷಮ್ಮ ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೊಡಿ! ಬಲಕ್ಕ ಹೊಡಿಯೋ! ಆ ಕೆಂಪಂಗ್ಯಾವನಿಗಿ ಕೊಡು!” ಎಂದು ಒದರುತ್ತಿದ್ದಳು.

ಎಂಟು ಸೊನ್ನೆ.

ಹಾಲಿನಲ್ಲಿ ಹಬ್ಬದೊಳಗೊಂದು ಹಬ್ಬವಾಯಿತು. ಸನಾವುಲ್ಲಾ ಮೈಕ್ ಕಸಿದುಕೊಂಡು ಫಲಿತಾಂಶವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ತಮಿಳಿನಲ್ಲೂ ಸಾರಿದರು. ಶೇಷಮ್ಮ ತನ್ನ ಕಟ್ಟಪ್ಪಣೆಯನ್ನು ತಾನೇ ಮುರಿದು, ಟಿ.ವಿ.ಯ ಕೊರಳಿನ ಹಾರ ತೆಗೆದು ಮಗನಿಗೆ ಹಾಕಿದಳು. ಸುಜಾತಾ ಸೋಲೊಪ್ಪಿಕೊಂಡಳು.

“ಆತ್ರೀ. ಮಾತಂದ್ರ ಮಾತು. ಡಬ್ಬಿ ಇರ್ಲಿ,” ಎಂದಳು. ಬಾಯಲ್ಲಿ ಹಾಗಂದರೂ ಅವಳ ಮುಖದಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ಇವನೂ ಒಂದು ಕೆಲಸಕ್ಕೆ ಬರುತ್ತಾನೆ ಎಂಬ ಬೆಳಕಿತ್ತು. ಆ ಬೆಳಕಿನಲ್ಲಿ ಲಕ್ಷ್ಮಿಕಾಂತ ಅರ್ಧ ಗಂಟೆ ಕಾಲುಚಾಚಿ ಕೂತ.

ಅರ್ಧ ಗಂಟೆಗೆ ಸರಿಯಾಗಿ ಕೆಳಗೆ ಸ್ಕೂಟರು ನಿಂತ ಸದ್ದಾಯಿತು. ಮೆಟ್ಟಿಲು ಹತ್ತಿ ಬಂದವನು ಚನ್ನು. ಹಣೆಗೆ ಉದ್ದನೆಯ ಕುಂಕುಮ, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಹಿಂದೆ ಅವನ ಹೆಂಡತಿ ಶೀತಲ್, ಕೈಯಲ್ಲಿ ಮಡಿಸಿದ ದೊಡ್ಡ ಖಾಲಿ ಚೀಲ.

“ಬಾರಪ್ಪಾ ಬಾ,” ಲಕ್ಷ್ಮಿಕಾಂತ ಹಾರ ಸರಿಮಾಡಿಕೊಂಡ. “ಸೋತವರು ಸ್ವೀಟ್ ತಂದೀರಿ, ದೊಡ್ಡ ಮನಸ್ಸು.”

“ಯಾರ್ ಗುರು ಸೋತಿದ್ದು?” ಚನ್ನು ಬಾಗಿಲಲ್ಲೇ ನಿಂತ. “ಒಂಬತ್ತು ಗೋಲ್ ತಿಂದಿದೀಯ ನೀನು! ಬಾಯಿ ಬಿಟ್ಟಾದ್ರೂ ಅತ್ಕೋಬಾರ್ದಾ? ಪಿಟಕ್ ಅನ್ನಲಿಲ್ಲ. ಪಾಪ ಅನ್ನಿಸ್ತು ಮಗಾ, ಅದ್ಕೇ ಸ್ವೀಟ್ ತಂದೆ.”

“ಡಬ್ಬಿ ರೆಡಿ ಇದ್ಯಾ ಸುಜಾತಾ?” ಶೀತಲ್ ಚೀಲ ಬಿಡಿಸಿದಳು. “ಸೋತವರ ಡಬ್ಬಿ ಗೆದ್ದವರಿಗೆ ಅಂತ ನಮ್ಮನೇಲೂ ಇದೇ ಪಂದ್ಯ ಕಟ್ಟಿದ್ದೆ. ಇವ್ರು ಸೋತಿದ್ರೆ ನಮ್ಮದು ಇಲ್ಲಿಗೆ ಬರ್ತಿತ್ತು.”

ಸುಜಾತಾ ಗಂಡನನ್ನು ನೋಡಿದಳು, ಚನ್ನುವನ್ನು ನೋಡಿದಳು.

“ಚನ್ನು ಅವರೇ, ಆಟ ಶುರು ಮಾಡುವಾಗ ಪರದಿ ಮ್ಯಾಲ ಏನಾರ ಬಂತೇನ್ರೀ?”

“ಏನೋ ಇಂಗ್ಲಿಷಲ್ಲಿ ಬಂತು ಅಕ್ಕಾ. ಓಕೆ ಒತ್ದೆ.”

“ನಿಮಗ್ರೀ?” ಎಂದು ಗಂಡನ ಕಡೆ ತಿರುಗಿದಳು.

“ನನಗೂ ಬಂತು,” ಎಂದ ಲಕ್ಷ್ಮಿಕಾಂತನ ದನಿ ಹಾರದೊಳಗೆ ಇಳಿದುಹೋಯಿತು. “ನಾನೂ ಓಕೆ ಒತ್ತಿದ್ನಿ.”

ಸುಜಾತಾ ಕಂಟ್ರೋಲರ್ ಎತ್ತಿ ಡಬ್ಬಿಯನ್ನು ಮತ್ತೆ ಶುರು ಮಾಡಿದಳು. ಅದೇ ನಾಲ್ಕು ಸಾಲು ಬಂದವು. ಈ ಸಲ ಅವಳು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದಳು: ನಿಮ್ಮ ಗೆಳೆಯರು ಸಿಗುತ್ತಿಲ್ಲ. ಬದಲಿಗೆ ಕಂಪ್ಯೂಟರಿನ ಜೊತೆ ಆಡುವಿರಾ? ಹಸುಮಕ್ಕಳ ಮಟ್ಟದಲ್ಲಿ?

ಮೊದಲು ನಕ್ಕವರು ಜಹನಾರಾ ಆಂಟಿ. ಆಮೇಲೆ ಮನೆ ನಕ್ಕಿತು, ಮೆಟ್ಟಿಲು ನಕ್ಕಿತು. ಸನಾವುಲ್ಲಾ ಆಫ್ ಮಾಡಲು ಮರೆತಿದ್ದ ಮೈಕಿನಿಂದಾಗಿ ರಸ್ತೆಯೂ ನಕ್ಕಿತು. ಹೆಂಗಸರು ನಾಲ್ವರೂ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮೈಸೂರುಪಾಕು ಮುಗಿಯುವ ಹೊತ್ತಿಗೆ ತೀರ್ಪು ಹೊರಬಂತು.

“ಇಬ್ಬರೂ ಗೆದ್ದೀರಿ. ಹಂಗಾಗಿ ಎರಡೂ ಡಬ್ಬಿ ಇರ್ತಾವು,” ಎಂದಳು ಸುಜಾತಾ.

ಗಂಡಸರಿಬ್ಬರೂ ಉಸಿರುಬಿಟ್ಟರು.

“ನಮ್ಮನೇಲಿ,” ಎಂದರು ಜಹನಾರಾ ಆಂಟಿ. “ಕೆಳಗಿನ ರೂಮ್ ಖಾಲಿ ಬಿದ್ದಿದೆ. ಎರಡೂ ಒಂದೇ ಕಡೆ ಇದ್ರೆ ನೆಟ್ ಯಾಕ್ ಬೇಕು? ಸನಾವುಲ್ಲಾ ಭಾಯ್ ನಡುವೆ ಒಂದು ವೈರ್ ಎಳೀತಾರೆ. ಭಾನುವಾರ ಬನ್ನಿ, ಆರಾಮಾಗಿ ಆಡಿ.”

ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಬ್ಬರಿಗೂ ತೋಚಲಿಲ್ಲ.

ಭಾನುವಾರ ಹತ್ತು ಗಂಟೆಗೆ ಚನ್ನು ಸ್ಕೂಟರ್ ನಿಲ್ಲಿಸುವುದಕ್ಕೂ ಲಕ್ಷ್ಮಿಕಾಂತ ಮೆಟ್ಟಿಲಿಳಿಯುವುದಕ್ಕೂ ಸರಿಹೋಯಿತು. ಕೆಳಗಿನ ರೂಮಿನಿಂದ ಆಗಲೇ ಗದ್ದಲ ಕೇಳುತ್ತಿತ್ತು. ಒಳಗೆ ಎರಡು ಟಿ.ವಿ., ಎರಡು ಡಬ್ಬಿ, ನಡುವೆ ಸನಾವುಲ್ಲಾ ಎಳೆದ ಗಟ್ಟಿಮುಟ್ಟಾದ ವೈರು. ಒಂದು ಟಿ.ವಿ. ಮುಂದೆ ಜಹನಾರಾ ಆಂಟಿ, ಇನ್ನೊಂದರ ಮುಂದೆ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿದ್ದ ಶೇಷಮ್ಮ. ಪಕ್ಕದಲ್ಲಿ ಪಾಳಿಗೆ ಕಾಯುತ್ತ ಸುಜಾತಾ, ಬೆಳಗಿನ ಬಸ್ಸಿಗೇ ಬಂದಿದ್ದ ಶೀತಲ್.

“ಆಂಟಿ, ನಮಗೆ ಒಂದು ಚಾನ್ಸ್...” ಎಂದ ಚನ್ನು.

“ಈ ರೂಮಲ್ಲಿ ಒಂದು ರೂಲ್ ಮಾಡಿದೀವಿ ಬೇಟಾ,” ಜಹನಾರಾ ಆಂಟಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಯಾರು ಸೋಲ್ತಾರೋ ಅವ್ರಿಗೆ ಇನ್ನೊಂದು ಆಟ. ಪಾಪ, ಅವ್ರು ಕಲೀಬೇಕಲ್ಲ?”

“ನೀವಿಬ್ರೂ ಸೋತೇ ಇಲ್ಲಲ್ಲ,” ಎಂದಳು ಶೇಷಮ್ಮ. “ಅಲ್ಲೇ ಚಾಪಿ ಮ್ಯಾಲ ಕುಂದರ್ರಿ.”